ರಾಯಚೂರಿನ ಹಿತ್ತಲು: ಮೊದಲು ನೆರಳು, ಆಮೇಲೆ ಗಿಡ

ನಮ್ಮ ಮನೆಯ ಹಿಂದೆ 18 ಅಡಿ ಅಗಲ, 22 ಅಡಿ ಉದ್ದದ ಜಾಗವಿದೆ. ಹಳೆ ಇಟ್ಟಿಗೆ ಚೂರು, ಒಣಗಿದ ಕರಿಕೆ, ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಇಷ್ಟೇ ಅಲ್ಲಿದ್ದದ್ದು. ಇದನ್ನು 12,000 ರೂಪಾಯಿಯೊಳಗೆ ಸಂಜೆ ಕೂರುವ ಹಾಗೆ, ಮನೆಗೆ ಬೇಕಾದಷ್ಟು ಕಾಯಿಪಲ್ಯ ಬೆಳೆಯುವ ಹಾಗೆ ಮಾಡಬೇಕು. ಕೆಲಸ ನಡೆದಂತೆ ಬರೆದಿಟ್ಟದ್ದು ಇದು.

ಲಾನ್ ಹಾಕಿ ಅಂತ ಹೇಳಿದವರೇ ಜಾಸ್ತಿ. ಲೆಕ್ಕ ಹಾಕಿ ನೋಡಿದೆ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಐದಾರು ಮಿಲಿಮೀಟರ್ ಆದರೂ ಬೇಕು. 100 ಚದರ ಅಡಿಗೇ ಸುಮಾರು 50 ಲೀಟರ್ ಆಯಿತು. ಅದೂ ದಿನಾ. ಕುಡಿಯುವ ನೀರಿಗೆ ನಳದ ದಾರಿ ಕಾಯುವ ಮನೆಯಲ್ಲಿ ಹುಲ್ಲಿಗೆ ಐವತ್ತು ಲೀಟರ್! ಲಾನ್ ಮಾತು ಅಲ್ಲಿಗೇ ಮುಗಿಯಿತು.

ನವೆಂಬರ್, ಡಿಸೆಂಬರ್

ಈ ಎರಡು ತಿಂಗಳು ದುಡ್ಡು ಖರ್ಚು ಮಾಡಲಿಲ್ಲ. ನೆರಳು ಅಳೆದೆ, ಅಷ್ಟೇ.

ಮನೆ ದಕ್ಷಿಣಕ್ಕೆ ಮುಖ, ಹಿತ್ತಲು ಉತ್ತರಕ್ಕೆ. ವಾಸ್ತು ನೋಡುವವರು ಮೂಗು ಮುರಿಯುತ್ತಾರೆ, ಇರಲಿ. ಹಿತ್ತಲಿಗೆ ಮಾತ್ರ ಇದು ದೊಡ್ಡ ವಿಷಯ. ರಾಯಚೂರು ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21-22ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಪೂರ್ತಿ ವಾಲಿರುತ್ತಾನೆ. ಹನ್ನೆರಡೂಕಾಲರ ಹೊತ್ತಿಗೆ ಹೋಗಿ ನೋಡಿದರೆ, ಪ್ಯಾರಾಪೆಟ್ ಸೇರಿ 12 ಅಡಿ ಎತ್ತರದ ನಮ್ಮ ಮನೆಯ ನೆರಳು 10 ಅಡಿ ಹಿತ್ತಲಿನೊಳಗೆ ಬಂದಿತ್ತು. ಅಲ್ಲಿ ಗೂಟ ಬಡಿದು ಸುಣ್ಣದ ಗೆರೆ ಎಳೆದೆ. ಚಳಿಗಾಲದ ಮೆಂತ್ಯ, ಕೊತ್ತಂಬರಿ, ರಾಜಗಿರಿ ಎಲ್ಲ ಆ ಗೆರೆಯ ಆಚೆಯೇ. ಈಚೆ ಹಾಕಿದರೆ ಬಿಸಿಲು ಸಾಲದೆ ಸೊರಗುತ್ತವೆ.

ಬೇಸಿಗೆಯಲ್ಲಿ ಇದೇ ಲೆಕ್ಕ ತಿರುಗುತ್ತದೆ. ಮೇ ಮೊದಲ ವಾರದಲ್ಲಿ ಸೂರ್ಯ ನಮ್ಮೂರಿನ ನೆತ್ತಿಗೆ ಬರುತ್ತಾನೆ. ಆಗ ನಡುಮಧ್ಯಾಹ್ನ ನಿಂತ ಕಂಬಕ್ಕೂ ನೆರಳಿಲ್ಲ. ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುವುದರಿಂದ ಮನೆಯ ಹಿಂದಿನ ಗೋಡೆಗೂ ನೇರ ಬಿಸಿಲು. ಅಂದರೆ ಗೋಡೆಯ ಪಕ್ಕದ ಈ 10 ಅಡಿ ಪಟ್ಟಿಗೆ ಚಳಿಗಾಲದಲ್ಲಿ ಮನೆಯೇ ನೆರಳು, ಬೇಸಿಗೆಯಲ್ಲಿ ಹಂದರ ಹಾಕಲೇಬೇಕು. ಕೂರುವ ಜಾಗ ಇಲ್ಲಿಯೇ ಅಂತ ಗಟ್ಟಿಯಾಯಿತು.

ಪಶ್ಚಿಮದ ಕಾಂಪೌಂಡ್ ಐದೇ ಅಡಿ. ಮೂರು ಗಂಟೆಯ ಮೇಲಿನ ಬಿಸಿಲು ಅದನ್ನು ದಾಟಿ ಬರುತ್ತದೆ. ಗಿಡ ಸುಡುವುದು ಆ ಹೊತ್ತಿನ ಬಿಸಿಲಿಗೇ. ಆ ಗೋಡೆಯುದ್ದಕ್ಕೂ ನುಗ್ಗೆ ಅಂತ ಬರೆದಿಟ್ಟುಕೊಂಡೆ.

ಜನವರಿ: ಕಲ್ಲು ಹಾಸು

ದುಡ್ಡು ಹೆಚ್ಚು ಹೋದದ್ದು ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸೀದಾ ಸಿಮೆಂಟ್ ಹಾಕಿ ಕಲ್ಲು ಕೂರಿಸಿದರೆ ನೆಲದ ಜೊತೆಗೆ ಅದೂ ಎದ್ದು ಬಿದ್ದು ಒಡೆಯುತ್ತದೆ. ಊರಲ್ಲಿ ಎಷ್ಟೋ ಮನೆ ಅಂಗಳಗಳಲ್ಲಿ ಕಾಣುವ ಅಡ್ಡ ಬಿರುಕಿಗೆ ಇದೇ ಕಾರಣ. ಹಾಗಾಗಿ ಸಿಮೆಂಟ್ ಬೇಡ ಅಂತ ಹೇಳಿದೆ.

"ಸಿಮೆಂಟ್ ಇಲ್ಲದಂಗ ಹೆಂಗ ನಿಲ್ತದ್ರಿ ಸರ?" ಅಂದ ಗೌಂಡಿ.

"ನೆಲ ಕುಂತಂಗ ಕಲ್ಲೂ ಕುಂದರ್ಲಿ ಬಿಡಪ. ಎದ್ದ ಕಲ್ಲನ್ನ ಎತ್ತಿ ಮತ್ತ ಇಟ್ರಾತು" ಅಂದೆ. ನಗುತ್ತಲೇ ಕೆಲಸಕ್ಕೆ ಇಳಿದ.

ಮಾಡಿದ್ದು ಇಷ್ಟು: ಆರಿಂಚು ಎರೆ ಮಣ್ಣು ತೆಗೆದು, ನಾಲ್ಕಿಂಚು ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ, ನೀರು ಹೊಡೆದು ದಿಮ್ಮಿಸಿ, ಮೇಲೆ ಒಂದಿಂಚು ಕ್ರಷರ್ ಪುಡಿ. ಅದರ ಮೇಲೆ ಕಲ್ಲು, ನಡುನಡುವೆ ಒಂದು ಬೆರಳು ಸಂದು. ಸಂದಿನಲ್ಲಿ ಮಳೆ ನೀರು ಇಳಿಯುತ್ತದೆ, ನಿಲ್ಲುವುದಿಲ್ಲ. ಮನೆಯ ಗೋಡೆಯಿಂದ ಆಚೆಗೆ ಸ್ವಲ್ಪ ಇಳಿಜಾರು ಮಾತ್ರ ಮರೆಯಬಾರದು. ಇಲ್ಲದಿದ್ದರೆ ನೀರು ಅಡಿಪಾಯಕ್ಕೇ ಹೋಗುತ್ತದೆ.

ಕಲ್ಲು ಶಹಾಬಾದಿನದು, ಕಲಬುರಗಿ ಜಿಲ್ಲೆಯ ಮಾಲು. ಕಲ್ಲಿನ ಅಡ್ಡೆಯಲ್ಲಿ ಮೂಲೆ ಮುರಿದವನ್ನು ಒಂದು ಕಡೆ ರಾಶಿ ಹಾಕಿರುತ್ತಾರೆ. ಮನೆಯೊಳಗೆ ಹಾಸಲು ಯಾರೂ ಒಯ್ಯುವುದಿಲ್ಲ. ಹಿತ್ತಲಿಗೆ ಮುರಿದದ್ದೇ ಚಂದ, ಅಡ್ಡಾದಿಡ್ಡಿ ಜೋಡಿಸಬಹುದು. ಟಂಟಂ ಬಾಡಿಗೆ ಸೇರಿ 1,400 ರೂಪಾಯಿ. ಗರಸು 1,200. ಕೂಲಿ 1,600.

ಪಾತಿಗಳ ಅಂಚಿಗೆ ಬೂದಿ ಇಟ್ಟಿಗೆ, 150ಕ್ಕೆ 750 ರೂಪಾಯಿ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು ಉಳಿದ ಹಾರುಬೂದಿ ನಮ್ಮ ಕಡೆ ಧಾರಾಳ, ಇಟ್ಟಿಗೆಯೂ ಸುಲಭವಾಗಿ ಸಿಗುತ್ತದೆ. ಗಾರೆ ಇಲ್ಲದೆ ಅರ್ಧ ನೆಲಕ್ಕೆ ಹೂತು ನಿಲ್ಲಿಸಿದ್ದೇವೆ. ಮುಂದೆ ಪಾತಿ ದೊಡ್ಡದು ಮಾಡಬೇಕೆಂದರೆ ಕಿತ್ತು ಸರಿಸಿದರಾಯಿತು.

ಮಣ್ಣಿನ ಮಾತು

ಅಗೆದ ಎರೆ ಮಣ್ಣು ಎಸೆಯಲಿಲ್ಲ. ಅದರಲ್ಲಿ ಸತ್ವ ಇದೆ, ಗಾಳಿ ಇಲ್ಲ ಅಷ್ಟೇ. ಉಳಿದ ಗರಸು ಸ್ವಲ್ಪ, ಒಳ್ಳೆ ಹಳೆ ಕುರಿ ಗೊಬ್ಬರ ಜಾಸ್ತಿ ಬೆರೆಸಿ ಪಾತಿ ತುಂಬಿದೆವು. ಗೊಬ್ಬರ ಚೀಲಕ್ಕೆ 100 ರೂಪಾಯಿ, ಆರು ಚೀಲ ಹಿಡಿಸಿತು.

ಅಕ್ಕಿ ಗಿರಣಿಯ ಹೊಟ್ಟು ಕೇಳಿದರೆ ಎರಡು ಚೀಲ ಸುಮ್ನೆ ಕೊಟ್ಟರು. ಅದನ್ನು ಮಣ್ಣಿನೊಳಗೆ ಬೆರೆಸಬೇಡಿ, ಕೊಳೆಯುವಾಗ ಗಿಡದ ಪಾಲಿನ ಸಾರಜನಕ ತಾನೇ ಎಳೆದುಕೊಳ್ಳುತ್ತದೆ. ಮೇಲೆ ಎರಡಿಂಚು ಹೊದಿಸಿ. ಬೇಗ ಕೊಳೆಯುವುದಿಲ್ಲ, ತೇವ ಹಿಡಿದಿಡುತ್ತದೆ, ಬಿರುಕು ಕಡಿಮೆಯಾಗುತ್ತದೆ. ಗಿರಣಿಯ ಬೂದಿಯನ್ನೂ ಒಯ್ಯಿರಿ ಅಂದರು, ಬೇಡ ಅಂದೆ. ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಒಳ್ಳೆಯದು. ನಮ್ಮ ಎರೆ ಮಣ್ಣು ಮೊದಲೇ ಕ್ಷಾರ, ಅದಕ್ಕೆ ಮತ್ತೆ ಬೂದಿ ಯಾಕೆ?

ಬಚ್ಚಲ ನೀರಿಗೂ ಇದೇ ಯೋಚನೆ. ಸ್ನಾನದ ನೀರನ್ನು ಪೈಪಿನಲ್ಲಿ ಮೂಲೆಯ ಬಾಳೆ ಗುಣಿಗೆ ತಿರುಗಿಸಿದ್ದೇವೆ. ಬಟ್ಟೆ ಒಗೆದ ನೀರು ಮಾತ್ರ ಮೋರಿಗೇ. ಸೋಪಿನ ಪುಡಿಯಲ್ಲಿ ಸೋಡಿಯಂ ಜಾಸ್ತಿ. ಜಿಗುಟು ಮಣ್ಣಿಗೆ ಅದು ಸೇರುತ್ತಾ ಹೋದರೆ ಸಣ್ಣ ರಂಧ್ರಗಳೆಲ್ಲ ಮುಚ್ಚಿ ನೀರೇ ಇಳಿಯುವುದಿಲ್ಲ. ಕಾಲುವೆ ಕೆಳಗಿನ ಸವಳು ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಶುದ್ಧ ಮಾಡುವ ಮಷೀನಿನಿಂದ ಹೊರಗೆ ಬರುವ ಉಪ್ಪು ನೀರೂ ಗಿಡಕ್ಕೆ ಬೇಡ. ಅದರಲ್ಲಿ ಕಲ್ಲು ಹಾಸು ತೊಳೆಯುತ್ತೇವೆ, ಅದೂ ಮೋರಿ ಕಡೆಗೆ ಹೋಗುವಂತೆ.

ಫೆಬ್ರುವರಿ: ಗಡಿಗೆ ಹೂತದ್ದು

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದು. ಬಣ್ಣ, ಪಾಲಿಶ್ ಇಲ್ಲದ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಪಾತಿಯಲ್ಲಿ ಹೂಳುವುದು. ನೀರು ತುಂಬಿ ಮುಚ್ಚಿದರೆ ಮಣ್ಣು ಒಣಗಿದಷ್ಟೂ ನೀರು ಹೊರಗೆ ಜಿನುಗುತ್ತದೆ, ಮಣ್ಣು ಹಸಿಯಿದ್ದರೆ ಜಿನುಗುವುದು ತಾನಾಗಿ ಕಡಿಮೆಯಾಗುತ್ತದೆ. ಬೇರು ಗಡಿಗೆಯನ್ನು ಹುಡುಕಿಕೊಂಡು ಬಂದು ಅಪ್ಪಿಕೊಳ್ಳುತ್ತದೆ. ಮೇಲ್ಮಣ್ಣು ಒಣಗಿರುವುದರಿಂದ ಕಳೆಯೂ ಕಡಿಮೆ.

ಕುಂಬಾರರ ಹತ್ತಿರ ಆರಿಸುವಾಗ ಒಂದು ಪರೀಕ್ಷೆ: ನೀರು ತುಂಬಿ ಒಣ ನೆಲದ ಮೇಲೆ ಇಡಿ, ಸ್ವಲ್ಪ ಹೊತ್ತಿಗೆ ಹೊರಮೈ ಬೆವರಬೇಕು. ಬೆವರದಿದ್ದರೆ ಅದು ಕುಡಿಯುವ ನೀರಿಗೂ ಅಷ್ಟಕ್ಕಷ್ಟೆ. 120 ರೂಪಾಯಿಯಂತೆ ಐದು ಗಡಿಗೆ ತಂದೆ. ಒಂದೊಂದರ ಸುತ್ತ ಒಂದು ಗೇಣು ದೂರದಲ್ಲಿ ಬದನೆ, ಚವಳಿ (ಗೋರಿಕಾಯಿ), ಬೆಂಡೆ. ಬಾಯಿಗೆ ತಟ್ಟೆ ಮುಚ್ಚಲೇಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ನಮ್ಮ ಬೋರ್ ನೀರು ಸವುಳು, ರಂಧ್ರಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ತೆಗೆದು ತಿಕ್ಕಬೇಕಾಗುತ್ತದೆ.

ಪುಂಡಿಪಲ್ಯಕ್ಕೆ ಅವ್ವನದೇ ಪಾತಿ. ಅಲ್ಲಿ ನನಗೆ ಮಾತಾಡುವ ಹಕ್ಕಿಲ್ಲ.

ನುಗ್ಗೆ ಬೀಜ ಪಶ್ಚಿಮದ ಗೋಡೆಗೆ ಊರಿದ್ದಾಯಿತು. ತಳಿ "ಭಾಗ್ಯ", ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ್ದು. ಬೀಜದಿಂದಲೇ ಬೆಳೆದು ಬೇಗ ಕಾಯಿ ಬಿಡುವ ಜಾತಿ. ನುಗ್ಗೆಯ ನೆರಳು ತೆಳು, ಕೆಳಗಿನ ಪಲ್ಯಕ್ಕೆ ತೊಂದರೆಯಿಲ್ಲ. ಎತ್ತರಕ್ಕೆ ಹೋಗಲು ಬಿಡದೆ ತುದಿ ಚಿವುಟುತ್ತಿರಬೇಕು.

ಹಂದರ

ಹಳೆ ಗಳ 900 ರೂಪಾಯಿ, ತಂತಿ 300. ತೊಂಡೆ ಬಳ್ಳಿಯ ತುಂಡು ಪಕ್ಕದ ಮನೆಯ ಕಾಕಾ ಕೊಟ್ಟರು. ಸುಣ್ಣದ ಗೆರೆಯ ಮೇಲೇ ಅದನ್ನು ನೆಟ್ಟು ಮನೆ ಕಡೆಗೆ ಹಬ್ಬಿಸುತ್ತಿದ್ದೇವೆ. ಚಳಿಗೆ ತೊಂಡೆ ಮಂಕಾಗುತ್ತದೆ, ಆಗ ನಮಗೂ ನೆರಳು ಬೇಡ. ಬಳ್ಳಿ ಹತ್ತಲು ಕೆಳಗೆ ತೊಗರಿ ಕಟ್ಟಿಗೆಯ ಜಾಳಿಗೆ ಕಟ್ಟಿದೆವು, ರಾಶಿ ಮುಗಿದ ಹೊಲದಿಂದ ಪುಕ್ಕಟೆ ಬಂದದ್ದು. ಹತ್ತಿ ಕಟ್ಟಿಗೆಯೂ ಬೇಕಾದಷ್ಟು ಸಿಗುತ್ತದೆ, ತರಬೇಡಿ. ಒಣಗಿದ ಕಾಯಿಯಲ್ಲಿ ಗುಲಾಬಿ ಕಾಯಿಕೊರಕ ಉಳಿದಿರುತ್ತದೆ, ಅದನ್ನು ಮನೆತನಕ ಕರೆದು ತರುವುದೇಕೆ.

ಮಾರ್ಚ್

ಬಿಸಿಲು ಏರಿದೆ. ಬಳ್ಳಿ ಇನ್ನೂ ಅರ್ಧ ದಾರಿ, ನುಗ್ಗೆ ಮೊಣಕಾಲುದ್ದ. ಈ ಬೇಸಿಗೆಗೆ ಶೇ. 50ರ ನೆರಳು ಬಲೆಯೇ ಗತಿ. 1,350 ರೂಪಾಯಿ ಆಯಿತು. ಶೇ. 75ರದ್ದು ತೋರಿಸಿದರು, ತಂಪು ಜಾಸ್ತಿ ಅಂದರು. ಕಾಯಿ ಬಿಡುವ ಗಿಡಕ್ಕೆ ಅಷ್ಟು ಕತ್ತಲೆ ಬೇಡ. ಬಲೆ ಎಂಟಡಿ ಎತ್ತರದಲ್ಲಿದೆ, ತಗ್ಗಾಗಿ ಕಟ್ಟಿದರೆ ಬಿಸಿ ಗಾಳಿ ಒಳಗೇ ನಿಲ್ಲುತ್ತದೆ. ತುದಿಗಳಿಗೆ ಜಾರುಗಂಟು ಹಾಕಿದ್ದೇವೆ. ಮುಂಗಾರಿಗೆ ಮುಂಚಿನ ಗಾಳಿ ಎದ್ದರೆ ಒಂದೇ ಎಳೆತಕ್ಕೆ ಬಿಚ್ಚಬೇಕಲ್ವಾ.

ಗಡಿಗೆಗೆ ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಸಾಕಾಗುತ್ತಿದೆ. ಬದನೆ ಹೂ ಬಿಟ್ಟಿದೆ, ಚವಳಿ ಆಗಲೇ ಒಲೆ ಹತ್ತಿತು. ಬೆಂಡೆ ಯಾಕೋ ಮುದುಡಿಕೊಂಡಿದೆ, ನೋಡಬೇಕು.

ಮಳೆ ನೀರಿಗೆ ಹಳೆ ನೀಲಿ ಡ್ರಮ್ ಎರಡು (1,400), ಪೈಪು ಸಾಮಾನು (650) ಬಂದಿವೆ. ಡ್ರಮ್ ಕೊಳ್ಳುವಾಗ ಮೊದಲು ಏನು ತುಂಬಿತ್ತು ಅಂತ ಕೇಳಿ. ಕೆಮಿಕಲ್‌ದು ಬೇಡ. ರಾಯಚೂರಿನಲ್ಲಿ ವರ್ಷಕ್ಕೆ 600 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಮಳೆ. ನಮ್ಮ 600 ಚದರ ಅಡಿ ಮಾಳಿಗೆಯಿಂದ, ಪೋಲಾಗುವುದು ಕಳೆದರೂ, 25,000 ಲೀಟರ್ ಸಿಗಬೇಕು. ಎರಡು ಡ್ರಮ್ಮಿಗೆ ಅದರ ಮೂಲೆಯೂ ಹಿಡಿಯುವುದಿಲ್ಲ, ತುಂಬಿ ಹರಿದದ್ದು ಬಾಳೆ ಗುಣಿಗೆ.

ಒಟ್ಟು ಖರ್ಚು 11,090. ಅದರಲ್ಲಿ ಬೀಜ, ಸಸಿಗೆ ಹೋದದ್ದು ಬರೀ 340. ಉಳಿದ 910 ರೂಪಾಯಿಗೆ ದುಂಡುಮಲ್ಲಿಗೆ ತಾ ಅಂತ ಅವ್ವ ಹಟ ಹಿಡಿದಿದ್ದಾಳೆ. ಮಾಳಿಗೆಯ ಮೊದಲ ಮಳೆಯ ಕೊಳೆ ನೀರು ಬೇರೆ ಹೋಗಲು ಇನ್ನೊಂದು ವಾಲ್ವ್ ಬೇಕಿದೆ, ಅದು ಮೊದಲು. ಸಿಮೆಂಟ್ ಇಲ್ಲದ ಕಲ್ಲು ಹಾಸು ಹೇಗೆ ನಿಂತಿತು ಅನ್ನುವುದನ್ನು ಸೆಪ್ಟೆಂಬರ್ ಮಳೆ ಕಳೆದ ಮೇಲೆ ಬರೆಯುತ್ತೇನೆ.