ಕುಂಬಳಕ್ಕಿಂತ ಮೊದಲು ಮಣ್ಣು: ಹಿತ್ತಲಿನ ಒಂಬತ್ತು ತಿಂಗಳ ಡೈರಿ

ಸೆಪ್ಟೆಂಬರ್ 14, 2024

ಈ ಸಲದ ನಮ್ಮ ಅಟ್ಲಾಂಟಿಕ್ ಜೈಂಟ್, ಅಂದರೆ ದೈತ್ಯ ಗಾತ್ರಕ್ಕೆ ಬೆಳೆಯುವ ಕುಂಬಳ, 41 ಕಿಲೋಗೆ ನಿಂತುಹೋಯಿತು. ಆಗಸ್ಟ್ ಮುಗಿಯುವ ಮೊದಲೇ ಬಳ್ಳಿ ಸೊರಗಿತ್ತು. ಬೀಜವನ್ನು ಬೈಯೋಕೆ ಆಗಲ್ಲ. ಕೆನಡಾದ ನೋವಾ ಸ್ಕೋಷಿಯಾದ ರೈತ ಹೊವರ್ಡ್ ಡಿಲ್ ವರ್ಷಗಟ್ಟಲೆ ಆರಿಸಿ ಆರಿಸಿ ಕಟ್ಟಿದ ತಳಿ ಅದು. ಹವೆಯನ್ನೂ ಬೈಯೋಕೆ ಆಗಲ್ಲ. ನಾವಿರೋದು ಅಮೆರಿಕದ ಮಿನೆಸೋಟದಲ್ಲಿ, ಟ್ವಿನ್ ಸಿಟೀಸ್‌ನ (ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರ) ದಕ್ಷಿಣಕ್ಕೆ. ಇದೇ ರಾಜ್ಯದ ಅನೋಕಾದ ಟ್ರಾವಿಸ್ ಗಿಂಗರ್ ಹೋದ ವರ್ಷ 2,749 ಪೌಂಡ್, ಅಂದರೆ 1,247 ಕಿಲೋ ತೂಗುವ ಕಾಯಿ ಬೆಳೆದು ವಿಶ್ವದಾಖಲೆ ಮಾಡಿದರು. ನನಗೆ ಅಷ್ಟೆಲ್ಲ ಬೇಡ, 200 ಕಿಲೋ ದಾಟಿದರೆ ಸಾಕು.

ಇವತ್ತು ಒಣಗಿದ ಬಳ್ಳಿ ಕಿತ್ತಾಗ ಕಾರಣ ಕಣ್ಣಿಗೆ ಬಿತ್ತು. ಬೇರು ಸುಮಾರು ಎಂಟು ಇಂಚು ನೇರ ಇಳಿದಿದೆ. ಅಲ್ಲಿಂದ ಮೊಣಕೈ ಮಡಚಿದ ಹಾಗೆ ಪಕ್ಕಕ್ಕೆ ತಿರುಗಿದೆ. ಒಂದು ಕಬ್ಬಿಣದ ಸರಳು ತಂದು ಹಿತ್ತಲೆಲ್ಲ ಚುಚ್ಚಿ ನೋಡಿದೆ. 7 ಇಂಚು, 8 ಇಂಚು, 8 ಇಂಚು, ಎಲ್ಲ ಕಡೆ ಟಕ್ ಅಂತ ನಿಲ್ಲುತ್ತೆ. ಮನೆ ಕಟ್ಟುವಾಗ ಬಿಲ್ಡರ್ ಮೇಲ್ಮಣ್ಣು ಬಾಚಿ, ಕೆಳಗಿನದರ ಮೇಲೆ ಯಂತ್ರ ಓಡಾಡಿಸಿ, ಆಮೇಲೆ ಒಂದಿಷ್ಟು ಮಣ್ಣು ಹರಡಿ ಹುಲ್ಲುಹಾಸು ಹಾಸಿದ್ದಾರೆ. ಮೇಲೆ ಹಸಿರು, ಕೆಳಗೆ ರಸ್ತೆ. ಹೊಸ ಬಡಾವಣೆಗಳ ಹಣೆಬರಹವೇ ಇದು ಅನ್ನಿ.

ಅಪ್ಪನಿಗೆ ವಿಡಿಯೋದಲ್ಲಿ ಬೇರು ತೋರಿಸಿದೆ. ಅರಸೀಕೆರೆ ಕಡೆಯ ಗರಸು ಮಣ್ಣಿನಲ್ಲಿ ಜೀವನ ಸವೆಸಿದವರು. ‘ಅಲ್ಲ ಕಣವ್ವ, ಬೇರಿಗೆ ಜಾಗ ಇಲ್ಲದ ಮೇಲೆ ಕಾಯಿ ಎಲ್ಲಿಂದ ಬತ್ತದೆ?’ ಅಂದರು. ಆಮೇಲೆ, ‘ತಿನ್ನಕ್ಕಾದ್ರೂ ಚೆನ್ನಾಗಿರ್ತದಾ?’ ಇಲ್ಲಪ್ಪ, ಬರೀ ನೀರು ನೀರು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ.

ಸೆಪ್ಟೆಂಬರ್ 28

ಮಣ್ಣಿನ ಪರೀಕ್ಷೆಯ ವರದಿ ಬಂತು. ಪಿಎಚ್ (ಮಣ್ಣಿನ ಹುಳಿ–ಕ್ಷಾರದ ಅಳತೆ) 7.3, ಸಾವಯವ ಅಂಶ ಶೇ. 3. ಕುಂಬಳಕ್ಕೆ 6.5ರಿಂದ 7ರ ಒಳಗಿದ್ದರೆ ಒಳ್ಳೆಯದು. ಸಾವಯವ ಅಂಶ ಇದರ ಎರಡರಷ್ಟಾದರೂ ಬೇಕು.

ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟಿದ್ದೆ. ಮರಳು ಒಂದು ನಿಮಿಷಕ್ಕೆ ತಳ ಕಂಡಿತು. ಜೇಡಿ ಎರಡು ದಿನ ಆದರೂ ತೇಲುತ್ತಲೇ ಇತ್ತು. ಸುಮಾರು ಮೂರನೇ ಒಂದು ಭಾಗ ಜೇಡಿಯೇ.

ಇನ್ನೊಂದು ಚಿಕ್ಕ ಪರೀಕ್ಷೆ ಮಾಡಿದೆ. ಮೇಲಿನ ಮಣ್ಣು ಒಂದು ತಟ್ಟೆಗೆ, 14 ಇಂಚು ಕೆಳಗಿನದು ಇನ್ನೊಂದು ತಟ್ಟೆಗೆ ಹಾಕಿ, ಎರಡಕ್ಕೂ ವಿನೆಗರ್ ಬಿಟ್ಟೆ. ಮೇಲಿನದು ಸುಮ್ನೆ ಒದ್ದೆಯಾಯಿತು. ಕೆಳಗಿನದು ಸೋಡಾ ಹಾಗೆ ಬುಸುಬುಸು ಅಂತು! ಅದರಲ್ಲಿ ಸುಣ್ಣ ಇದೆ ಅಂತ ಅರ್ಥ. ಹಿಮನದಿಗಳು ಪುಡಿ ಮಾಡಿ ತಂದು ಸುರಿದ ಸುಣ್ಣಕಲ್ಲು. ಅದನ್ನು ಮೇಲಕ್ಕೆ ತಂದು ಬೆರೆಸಿದರೆ ಪಿಎಚ್ ಇನ್ನೂ ಏರುತ್ತೆ. ಗಂಧಕ ಹಾಕಿ ಇಳಿಸೋಣ ಅಂದರೆ, ಸುಣ್ಣ ಇರೋ ಮಣ್ಣಿನಲ್ಲಿ ಅದು ಸಮುದ್ರಕ್ಕೆ ಒಂದು ಚಿಟಿಕೆ ಉಪ್ಪು. ಹಾಗಾಗಿ ಯಂತ್ರ ತಂದು ಎಲ್ಲ ತಲೆಕೆಳಗು ಮಾಡೋ ಯೋಚನೆ ಬಿಟ್ಟೆ. ಮೇಲಿನ ಮಣ್ಣು ಮೇಲೆ, ಕೆಳಗಿನದು ಕೆಳಗೆ. ಗಟ್ಟಿ ಪದರ ಮಾತ್ರ ಬಿರುಕು ಬಿಡಬೇಕು.

ಆದರೆ ಅಗೆಯೋದು ಹೇಗೆ? ಈ ತಿಂಗಳು ಮಳೆಯೇ ಇಲ್ಲ, ಟ್ವಿನ್ ಸಿಟೀಸ್‌ನ ದಾಖಲೆಯಲ್ಲೇ ಇಷ್ಟು ಒಣ ಸೆಪ್ಟೆಂಬರ್ ಇಲ್ಲ. ಹಾರೆ ಹಾಕಿದರೆ ಕೈಯೇ ಜುಮ್ ಅನ್ನುತ್ತೆ. ಸ್ಪ್ರಿಂಕ್ಲರ್ ಇಟ್ಟು ನಿಧಾನ ನೆನೆಸುತ್ತಿದ್ದೇನೆ.

ಅಕ್ಟೋಬರ್ 6

ಅಗೆಯುವ ಮೊದಲು 811ಕ್ಕೆ, ಅಂದರೆ ನೆಲದೊಳಗಿನ ಲೈನು ಗುರುತಿಸಿಕೊಡೋರ ನಂಬರಿಗೆ, ಫೋನ್ ಮಾಡಿದ್ದೆ. ಅವರು ಬಂದು ಗ್ಯಾಸ್, ಕರೆಂಟು ಲೈನು ಎಲ್ಲಿದೆ ಅಂತ ಬಣ್ಣದ ಬಾವುಟ ನೆಟ್ಟು ಹೋದರು. ಪುಕ್ಕಟೆ ಸೇವೆ. ಇಲ್ಲಿ ಒಂದೂವರೆ ಅಡಿ ಅಗೆಯೋರು ಯಾರೂ ಇದನ್ನು ತಪ್ಪಿಸಬಾರದು.

ಜಾಗ 20 ಅಡಿಗೆ 25 ಅಡಿ. ದೊಡ್ಡ ಬೆಳೆಗಾರರು ಒಂದು ಗಿಡಕ್ಕೆ ಇದಕ್ಕಿಂತ ಜಾಸ್ತಿ ಬಿಡುತ್ತಾರೆ, ನನಗಿರೋದು ಇಷ್ಟೇ. ನಡುವಿನ 12 ಅಡಿಗೆ 12 ಅಡಿ ಚೌಕದಲ್ಲಿ ಮಾತ್ರ ಎರಡು ಹಂತದ ಅಗೆತ. ಮೇಲಿನ ಮಣ್ಣು ಸನಿಕೆಯಲ್ಲಿ ಪಕ್ಕಕ್ಕೆ ಎಳೆದು, ಕೆಳಗಿನ ಗಟ್ಟಿಗೆ ಬ್ರಾಡ್‌ಫೋರ್ಕ್ ಹಾಕೋದು. ಐದು ಉದ್ದ ಹಲ್ಲು, ಎರಡು ಹಿಡಿಕೆಯ ಉಪಕರಣ ಅದು. ಮೇಲೆ ಹತ್ತಿ ನಿಂತು, ದೋಣಿಯಲ್ಲಿ ನಿಂತವರ ಹಾಗೆ ಅತ್ತಿತ್ತ ತೂಗಬೇಕು. ಹಲ್ಲು ಪೂರ್ತಿ ಇಳಿದ ಮೇಲೆ ಹಿಡಿಕೆ ಹಿಂದಕ್ಕೆ ಎಳೆದರೆ, ಒಳಗಿಂದ ಹಪ್ಪಳ ಮುರಿದ ಸದ್ದು. ಮಣ್ಣು ಮಗುಚುವುದಿಲ್ಲ, ಎರಡು ಇಂಚು ಎದ್ದು ಬಿರಿಯುತ್ತೆ ಅಷ್ಟೇ. ಬಿರುಕಿನೊಳಗೆ ಕಾಂಪೋಸ್ಟ್ ಉದುರಿಸಿ ಮೇಲ್ಮಣ್ಣು ವಾಪಸ್ ಎಳೆದೆ. ಉಳಿದ ಜಾಗಕ್ಕೆ ಮೇಲಿಂದಲೇ ಫೋರ್ಕ್.

ಮೂರು ಶನಿವಾರ–ಭಾನುವಾರ ಹಿಡಿಯಬಹುದು. ನಮ್ಮನೆಯವರು ಒಂದು ಗಂಟೆ ಮಾಡಿ ‘ಆಫೀಸ್ ಕಾಲ್ ಇದೆ’ ಅಂದರು. ಭಾನುವಾರ!

ಅಕ್ಟೋಬರ್ 20

ಅಗೆತ ಮುಗಿದು ಗೊಬ್ಬರದ ಸರದಿ. 500 ಚದರಡಿಗೆ ಮೂರು ಇಂಚು ಹರಡೋಕೆ ಸುಮಾರು ಐದು ಕ್ಯೂಬಿಕ್ ಯಾರ್ಡ್ ಬೇಕು, ಕಾರಿನ ಡಿಕ್ಕಿಯಲ್ಲಿ ತರೋ ಮಾತಲ್ಲ. ಅರ್ಧ ಎಲೆ ಕಾಂಪೋಸ್ಟ್ ತರಿಸಿದೆ. ಇನ್ನರ್ಧಕ್ಕೆ ಒಬ್ಬರ ಹತ್ತಿರ ಕಳಿತ ಕುದುರೆ ಲದ್ದಿ ಕೊಂಡೆ. ಕಪ್ಪಗೆ, ಪುಡಿಪುಡಿಯಾಗಿ, ವಾಸನೆಯೇ ಇಲ್ಲದ ಗೊಬ್ಬರ. ನೋಡಿದರೆ ಆಸೆಯಾಗುತ್ತೆ.

ಆದರೂ ಹರಡಲಿಲ್ಲ. ಹುಲ್ಲುಗಾವಲಿಗೆ ಹೊಡೆಯುವ ಕೆಲವು ಕಳೆನಾಶಕಗಳು, ಅಮಿನೋಪೈರಾಲಿಡ್ ಥರದವು, ಕುದುರೆಯ ಹೊಟ್ಟೆ ದಾಟಿ ಲದ್ದಿಗೆ ಬಂದು, ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆತರೂ ಉಳಿದಿರುತ್ತವೆ. ಹುಲ್ಲಿಗೆ ಏನೂ ಆಗಲ್ಲ, ಕುದುರೆಗೂ ಏನೂ ಆಗಲ್ಲ. ಅಗಲ ಎಲೆಯ ಗಿಡಗಳು ಮಾತ್ರ ಮುರುಟುತ್ತವೆ. ಪರೀಕ್ಷೆ ಬಹಳ ಸುಲಭ: ಮೂರು ಕುಂಡಕ್ಕೆ ಲದ್ದಿ ಬೆರೆಸಿದ ಮಣ್ಣು, ಮೂರಕ್ಕೆ ಬರೀ ಮಣ್ಣು, ಎಲ್ಲದಕ್ಕೂ ಬೀನ್ಸ್ ಬೀಜ. ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಕೂತಿವೆ.

ಅಷ್ಟರಲ್ಲಿ ಎಲೆ ಕಾಂಪೋಸ್ಟ್ ಹರಡಿ ಒಂದು ಕಿಲೋ ರೈ ಬಿತ್ತಿದೆ. ಊರಲ್ಲಿ ಸೆಣಬು ಬಿತ್ತಿ ಮಣ್ಣಿಗೆ ಸೇರಿಸುತ್ತಾರಲ್ಲ, ಅದೇ ಲೆಕ್ಕ. ಚಳಿಯಲ್ಲೂ ಬೇರು ಬಿಡೋ ಧಾನ್ಯ ಇದು. ನಾನು ಮಾಡಿದ ಬಿರುಕುಗಳು ಮತ್ತೆ ಮುಚ್ಚಿಕೊಳ್ಳದ ಹಾಗೆ ಇದರ ಬೇರು ಹಿಡಿಯಬೇಕು. ಸ್ವಲ್ಪ ತಡವಾಯಿತು, ನೋಡೋಣ.

ನವೆಂಬರ್ 10

ಬರೀ ಮಣ್ಣಿನ ಬೀನ್ಸ್ ಎಲೆ ಅಂಗೈ ಹಾಗೆ ಅಗಲ. ಲದ್ದಿ ಕುಂಡದ್ದು? ಮೊದಲ ಜೋಡಿ ಎಲೆ ಪರವಾಗಿಲ್ಲ. ಆಮೇಲೆ ಬಂದ ಎಲೆಗಳು ಬಟ್ಟಲಿನ ಥರ ಒಳಕ್ಕೆ ಮಡಚಿ, ನರಗಳೆಲ್ಲ ಒಂದೇ ಕಡೆ ಜಗ್ಗಿದ ಹಾಗಿವೆ. ಮೂರೂ ಕುಂಡದಲ್ಲಿ ಹೀಗೇ.

ಮಾರಿದವರಿಗೆ ಫೋಟೋ ಕಳಿಸಿದೆ. ‘ಹುಲ್ಲು ಹೊರಗಿಂದ ತರಿಸಿದ್ದು, ಅದಕ್ಕೆ ಏನು ಹೊಡೆದಿದ್ದರೋ ಗೊತ್ತಿಲ್ಲ’ ಅಂದರು. ಸುಳ್ಳು ಹೇಳುತ್ತಿಲ್ಲ ಅನಿಸಿತು, ದುಡ್ಡಂತೂ ವಾಪಸ್ ಬರಲಿಲ್ಲ. ಆ ರಾಶಿ ಈಗ ಬೇಲಿ ಹತ್ತಿರ ಟಾರ್ಪಾಲು ಹೊದ್ದು ಮಲಗಿದೆ. ಹುಲ್ಲುಹಾಸಿಗೆ ಹಾಕಬಹುದು, ತರಕಾರಿಗೆ ಸದ್ಯಕ್ಕಿಲ್ಲ.

ಅದರ ಬದಲು ಬೀದಿಯವರು ಮೂಟೆ ಕಟ್ಟಿ ಹೊರಗಿಟ್ಟಿದ್ದ ಮೇಪಲ್ ಎಲೆ, 31 ಮೂಟೆ ಹೊತ್ತು ತಂದೆ. ಲಾನ್‌ಮೋವರ್ ಹಾಯಿಸಿ ಚೂರು ಮಾಡಿ, ಗುಪ್ಪೆ ಹಾಕಿ ಕೊಳೆಯಲು ಬಿಟ್ಟೆ. ಪಕ್ಕದ ಮನೆ ಅಜ್ಜಿ ಈಗ ನನ್ನನ್ನು ನೋಡಿದಾಗಲೆಲ್ಲ ‘ಇನ್ನೂ ಬೇಕಾ?’ ಅಂತ ಕೇಳುತ್ತಾರೆ.

ಜನವರಿ 18, 2025

ಹೊರಗೆ ಮಣ್ಣು ಕಲ್ಲಾಗಿದೆ. ಕೆಲಸ ಏನೂ ಇಲ್ಲ. ‘ಮಾಗಿ ಉಳುಮೆ ಮಾಡಿ ಬಿಟ್ಟಂಗೆ ಆಯ್ತು ಬಿಡು, ಮಿಕ್ಕಿದ್ದು ಚಳಿ ನೋಡ್ಕೊಳ್ತದೆ’ ಅಂದರು ಅಪ್ಪ. ನಿಜ, ಬಿರುಕಿನಲ್ಲಿನ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಹೆಂಟೆ ತಾನಾಗಿ ಒಡೆಯುತ್ತೆ.

ಏಪ್ರಿಲ್ 26

ಸರಳು 17 ಇಂಚು ಇಳಿಯಿತು! ಅಂಚಿನಲ್ಲಿ 12–13. ರೈ ಒಂದು ಗೇಣು ಎದ್ದಿದೆ.

ಈಗ ನನ್ನ ತಪ್ಪಿನ ಕಥೆ. ಗುರುವಾರ ಮಳೆ ಬಂದಿತ್ತು. ಶನಿವಾರ ಬಿಸಿಲು ಕಂಡಿದ್ದೇ ತಡ, ರೈ ಮಗುಚಿಬಿಡೋಣ ಅಂತ ಸನಿಕೆ ಹಿಡಿದೆ. ಪೂರ್ವದ ಅಂಚಿನಲ್ಲಿ ನಾಲ್ಕಡಿ ಪಟ್ಟೆ ಮುಗಿಯೋ ಹೊತ್ತಿಗೆ ಗಮನಿಸಿದೆ, ಸನಿಕೆ ಕೊಯ್ದ ಕಡೆಯೆಲ್ಲ ಮಣ್ಣು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಒಂದು ಹಿಡಿ ಎತ್ತಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟೆ. ಒಡೆಯಲಿಲ್ಲ, ಚಪ್ಪಟೆಯಾಗಿ ಕೂತಿತು. ಹದಕ್ಕೆ ಬಂದ ಮಣ್ಣು ಬಿದ್ದ ತಕ್ಷಣ ಉದುರಬೇಕು. ಇದು ಚಿಕ್ಕಂದಿನಿಂದ ನೋಡಿಕೊಂಡು ಬಂದ ವಿಷಯ, ಆದರೂ ಅವಸರ.

ಮೇ 10

ಹದ ಕಾದು ಉಳಿದ ರೈ ಕತ್ತರಿಸಿ ಮೇಲಿನ ನಾಲ್ಕೈದು ಇಂಚಿಗೆ ಬೆರೆಸಿದೆ. ಸನಿಕೆ ಎತ್ತಿದರೆ ಮಣ್ಣು ಅವಲಕ್ಕಿ ಒಗ್ಗರಣೆ ಥರ ಬಿಡಿಬಿಡಿ. ಎರೆಹುಳು ಎಣಿಸಿದೆ, ಒಂದು ಸನಿಕೆಗೆ ಒಂಬತ್ತು. ಹೋದ ವರ್ಷ ಎರಡು ಸಿಕ್ಕಿದ್ದರೆ ಹೆಚ್ಚು. ಹಸಿ ರೈ ಕೊಳೆಯುವಾಗ ಸ್ವಲ್ಪ ದಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೇ ನಾಟಿಗೆ ಎರಡು ವಾರ ಅಂತರ. ಕಪ್ಪು ಪ್ಲಾಸ್ಟಿಕ್ ಹಾಸಿ ನೆಲ ಬೆಚ್ಚಗೆ ಮಾಡುತ್ತಿದ್ದೇನೆ. ಇನ್ನು ಓಡಾಟವೆಲ್ಲ ಹಲಗೆ ಮೇಲೆ. ಮಕ್ಕಳಿಗೂ ಹೇಳಿದ್ದೇನೆ, ಒಂದು ಹೆಜ್ಜೆ ಇಟ್ಟರೂ ಒಂದು ಸನಿಕೆ ಅಗೆಯಬೇಕು ಅಂತ.

ಪೂರ್ವದ ಪಟ್ಟೆ ಇಟ್ಟಿಗೆ ಭಟ್ಟಿ ಹಾಗಾಗಿದೆ. ತೆಂಗಿನಕಾಯಿ ಗಾತ್ರದ ಹೆಂಟೆಗಳು.

ಜೂನ್ 15

ಮೇ 24ಕ್ಕೆ ನೆಟ್ಟ ಗಿಡ ಈಗ ಏಳಡಿ ಬಳ್ಳಿ. ಪ್ರತಿ ಗಿಣ್ಣಿನ ಮೇಲೂ ಒಂದು ಬೊಗಸೆ ಎಲೆಗೊಬ್ಬರ ಹಾಕಿ ಮುಚ್ಚುತ್ತಿದ್ದೇನೆ, ಅಲ್ಲೆಲ್ಲ ಹೊಸ ಬೇರು ಬಿಡುತ್ತೆ. ಕಾಯಿ ಜೋರಾಗಿ ಊದುವ ದಿನಗಳಲ್ಲಿ ದೊಡ್ಡ ಗಿಡಗಳು ದಿನಕ್ಕೆ 15–20 ಕಿಲೋ ಏರುತ್ತವೆ. ಅಷ್ಟು ನೀರು ಬುಡದ ಒಂದೇ ಬೇರಿನಿಂದ ಬರುವ ಮಾತಲ್ಲ. ನಿನ್ನೆ ಮೂರನೇ ಗಿಣ್ಣಿನ ಹತ್ತಿರ ಮೆಲ್ಲಗೆ ಮಣ್ಣು ಸರಿಸಿ ನೋಡಿದೆ. ಬಿಳಿ ಬೇರು, ಪೆನ್ಸಿಲ್ ದಪ್ಪ, ನೇರ ಕೆಳಕ್ಕೆ ಹೊರಟಿದೆ. ಬೆರಳು ಹೋದಷ್ಟು ದೂರ ಹಿಂಬಾಲಿಸಿ ಮತ್ತೆ ಮುಚ್ಚಿದೆ.

ಮುಖ್ಯ ಬಳ್ಳಿ ಪೂರ್ವಕ್ಕೇ ಹೊರಟಿದೆ, ಬೇರೆ ಕಡೆ ತಿರುಗಿಸೋಕೆ ಹೋದರೆ ಮುರಿಯುತ್ತೆ. ದಿನಕ್ಕೆ ಆರಿಂಚು ಲೆಕ್ಕದಲ್ಲಿ ನನ್ನ ಇಟ್ಟಿಗೆ ಪಟ್ಟೆ ತಲುಪೋಕೆ ಇನ್ನು ಎರಡು ವಾರವೂ ಇಲ್ಲ. ರಾತ್ರಿ ಪೈಪು ಇಟ್ಟು ಅದಕ್ಕೆ ನೀರು ಬಿಟ್ಟೆ. ಬೆಳಿಗ್ಗೆ ಉಂಡೆ ಕಟ್ಟಿ ನೋಡಿದರೆ ಇನ್ನೂ ಅಂಟು. ನಾಳಿದ್ದು ಮತ್ತೆ ನೋಡಬೇಕು.