ಕಾರಿನ ಪೈಪಿಗೆ ಕಲಾಯಿ ಹಾಕ್ಸಿದ್ದು

ಹೋದ ವರ್ಷದ ಹಿಂದಿನ ಮಳೆಗಾಲ. ಕಾರ್ಕಳದಲ್ಲಿ ಚಿಕ್ಕಮ್ಮನ ಮನೇಲಿ ಎರಡು ದಿನ ಇದ್ದು ಅಮ್ಮನ್ನ ಕರ್ಕೊಂಡು ತೀರ್ಥಹಳ್ಳಿಗೆ ವಾಪಸ್ ಬರ್ತಿದ್ದೆ. ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿ ಐದಾರು ತಿರುವು ಆಗಿರ್ಬೇಕು, ಹಿಂದಿನ ಸೀಟಲ್ಲಿದ್ದ ಅಮ್ಮ, "ಎಂತದೋ ಆಲೆಮನೆ ವಾಸನೆ ಬರ್ತಿದೆಯಲ್ಲೋ" ಅಂದ್ರು. ನಂಗೂ ಬಂತು. ಬೆಲ್ಲ ಕುದ್ಯೋವಾಗಿನ ಥರಾನೇ ಸಿಹಿ ಸಿಹಿ ವಾಸನೆ. ಘಾಟಿ ಮಧ್ಯ ಆಲೆಮನೆ ಎಲ್ಲಿಂದ ಬರ್ಬೇಕು, ಅದು ಬಿಸಿ ಇಂಜಿನ್ ಮೇಲೆ ಚೆಲ್ಲಿದ ಕೂಲಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವದ ವಾಸನೆ, ಅದ್ರಲ್ಲಿರೋ ಗ್ಲೈಕಾಲ್ ಸುಟ್ರೆ ಹಂಗೇ ಬರುತ್ತೆ.

ಟೆಂಪರೇಚರ್ ಮುಳ್ಳು ಮುಕ್ಕಾಲಕ್ಕೆ ಹೋಗಿತ್ತು, ನೋಡ್ತಾ ಇದ್ದಂಗೆ ಕೆಳಗೆ ಇಳೀತು. ಇಳೀತಲ್ಲ ಅಂತ ಸಮಾಧಾನ ಮಾಡ್ಕೊಂಡು ಮುಂದೆ ಹೋಗಿದ್ರೆ ಇಂಜಿನ್ ಹೆಡ್ಡೇ ಹೋಗ್ತಿತ್ತು. ಸೆನ್ಸರ್ ಇರೋ ಜಾಗದಲ್ಲಿ ನೀರು ಖಾಲಿ ಆದ್ರೆ ಅದು ಬರೀ ಹವೆಯಲ್ಲಿ ನಿಂತಿರುತ್ತೆ, ಮುಳ್ಳು ಸುಳ್ಳು ಹೇಳುತ್ತೆ. ಇದನ್ನ ಯಾರ್ಗಾದ್ರೂ ಹೇಳ್ಲೇಬೇಕು ಅಂತ ಇಷ್ಟು ದಿನದಿಂದ ಅನ್ನಿಸ್ತಿತ್ತು, ಇವತ್ತು ಬರೀತಿದೀನಿ: ಸಿಹಿ ವಾಸನೆ ಬಂದ್ರೆ ಮುಳ್ಳು ಎಲ್ಲೇ ಇರ್ಲಿ, ಗಾಡಿ ಸೈಡಿಗೆ ಹಾಕಿ ಆಫ್ ಮಾಡಿ. ಬಿಸಿ ಇರೋವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಬೇಡಿ.

ಅರ್ಧ ಗಂಟೆ ಬಿಟ್ಟು ಬಾನೆಟ್ ಎತ್ತಿ ನೋಡಿದ್ರೆ, ಇಂಜಿನ್ ಹೆಡ್ಡಿಂದ ಒಳಗಿನ ಹೀಟರ್‌ಗೆ ಹೋಗೋ ಹೋಸ್ ಮಧ್ಯ ಇಂಗ್ಲಿಷಿನ T ಅಕ್ಷರದ ಥರದ ಒಂದು ಕಪ್ಪು ಪ್ಲಾಸ್ಟಿಕ್ ಟೀ ಜಾಯಿಂಟ್ ಇರುತ್ತಲ್ಲ, ಎರಡು ಕಡೆ ದೊಡ್ಡ ಹೋಸು, ಮೇಲಿಂದ ಕೂಲಂಟ್ ಬಾಟ್ಲಿಗೆ ಹೋಗೋ ಸಣ್ಣ ಹೋಸು, ಅದರ ಒಂದು ಮೂತಿ ಬುಡಕ್ಕೇ ಮುರಿದು ಹೋಸ್ ಒಳಗೇ ಉಳ್ಕೊಂಡಿತ್ತು. ಅಷ್ಟೊತ್ತಿಗೆ ಮೇಲಿಂದ ಬರ್ತಿದ್ದ ಒಬ್ರು ಜೀಪಿನವ್ರು ನಿಲ್ಸಿದ್ರು. ಅವ್ರ ಟೂಲ್ ಬಾಕ್ಸಲ್ಲಿ ಯಾವ್ದೋ ಹಳೇ ಗಾಡಿಯ ಕಬ್ಬಿಣದ ವಾಟರ್ ಪೈಪ್ ತುಂಡು ಒಂದು ಗೇಣು ಇತ್ತು, ಅದನ್ನೇ ಎರಡು ದೊಡ್ಡ ಹೋಸ್ ಮಧ್ಯ ತೂರ್ಸಿ, ಸಣ್ಣ ಹೋಸ್ ಬಾಯಿಗೆ ಒಂದು ಬೋಲ್ಟ್ ತುರ್ಕಿ ಕ್ಲಿಪ್ ಬಿಗಿದ್ರು. ರಸ್ತೆ ಬದಿ ಬಂಡೆಯಿಂದ ಸುರೀತಿದ್ದ ಮಳೆನೀರನ್ನೇ ಬಾಟ್ಲಿಲಿ ಹಿಡ್ಕೊಂಡು ತುಂಬ್ಸಿದ್ವಿ. ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ. ನಿಧಾನಕ್ಕೆ, ಮಧ್ಯ ಮಧ್ಯ ನಿಲ್ಸಿ ಮನೆ ಮುಟ್ಟೋವಾಗ ರಾತ್ರಿ ಒಂಬತ್ತಾಗಿತ್ತು.

ಆ ರಾತ್ರಿ ಮುರಿದ ಟೀನ ಟೇಬಲ್ ಮೇಲೆ ಇಟ್ಕೊಂಡು ತುಂಬ ಹೊತ್ತು ನೋಡ್ದೆ. ಯಾಕಂದ್ರೆ ಇದು ಎರಡನೇದು. ಮೂರು ವರ್ಷದ ಹಿಂದೆ ಮೊದಲ್ನೇದು ಹೋಗಿ ಹೊಸದು ಹಾಕ್ಸಿದ್ದೆ. ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಪಿಎ66-ಜಿಎಫ್30 ಅಂತ ಅಚ್ಚಿರುತ್ತೆ, ಅಂದ್ರೆ ನೈಲಾನ್ 66, ಅದಕ್ಕೆ ನೂರಕ್ಕೆ 30 ಭಾಗ ಗಾಜಿನ ನಾರು ಸೇರ್ಸಿರೋದು. ಇದು ಕೆಟ್ಟ ಪ್ಲಾಸ್ಟಿಕ್ ಅಲ್ಲ, ಕರಗೋಕೇ ಸುಮಾರು 260 ಡಿಗ್ರಿ ಬೇಕು. ಆದ್ರೆ ಕರಗೋದು ಬೇರೆ, ಮುಪ್ಪಾಗೋದು ಬೇರೆ. ಬಿಸಿ ನೀರು, ಗ್ಲೈಕಾಲ್ ಎರಡೂ ಸೇರಿ ನೈಲಾನಿನ ಉದ್ದುದ್ದ ಅಣುಸರಪಳೀನ ಒಳಗಿಂದ ಕತ್ತರಿಸ್ತಾ ಬರುತ್ತೆ, ಹೊರಗಿಂದ ಇಂಜಿನ್ ಬಿಸಿ ಹವೆ ಒಣಗಿಸ್ತಾ ಬರುತ್ತೆ. ನನ್ನ ತುಂಡಿನ ಒಳಮೈ ಬೂದಿ ಬಣ್ಣಕ್ಕೆ ತಿರುಗಿ ಉಗುರಲ್ಲಿ ಕೆರೆದ್ರೆ ಪುಡಿ ಬರ್ತಿತ್ತು. ಅದ್ರ ಮೇಲೆ ಸ್ಕ್ರೂ ಕ್ಲಿಪ್ಪನ್ನ ಯಾರೋ ಸಿಕ್ಕಾಪಟ್ಟೆ ಬಿಗಿದಿದ್ರು, ಕ್ಲಿಪ್ಪಿನ ಗೆರೆಯಲ್ಲೇ ಬಿರುಕು ಶುರುವಾಗಿತ್ತು.

ಸ್ಪೇರ್ ಅಂಗಡೀಲಿ ಕೇಳಿದ್ರೆ ಟೀ ಒಂದೇ ಬರಲ್ಲ, ಹೋಸ್ ಸೆಟ್ ಪೂರ್ತಿ ತಗೋಬೇಕು, ಹತ್ತು ದಿನ ಆಗುತ್ತೆ ಅಂದ್ರು. ಬಂದ್ರೂ ಅದೇ ನೈಲಾನೇ ತಾನೆ. ಜೀಪಿನವ್ರ ಕಬ್ಬಿಣದ ತುಂಡು ಇನ್ನೂ ಇಂಜಿನ್ ಮೇಲೆ ಕೂತಿತ್ತು, ಒಂದು ಹನಿ ಸೋರಿರ್ಲಿಲ್ಲ. ಆಗ ನಿರ್ಧಾರ ಮಾಡ್ದೆ, ನಾನೇ ಮಾಡ್ತೀನಿ ಅಂತ.

ವರ್ನಿಯರ್ ಹಿಡಿದು ಅಳೆದೆ. ದೊಡ್ಡ ಮೂತಿ ಹೊರವ್ಯಾಸ 16 ಎಂಎಂ, ತುದೀಲಿ ಉಬ್ಬಿರೋ ಬಳೆ 17.6, ಸಣ್ಣ ಮೂತಿ 8. ಅಳತೆ ನೋಡಿದ್ ತಕ್ಷಣ ಹೊಳೀತು, ಎಸಿ ಮಾಡೋರು ಬಳಸೋ 5/8 ಇಂಚಿನ ತಾಮ್ರದ ಪೈಪ್ ಹೊರವ್ಯಾಸ 15.88 ಎಂಎಂ, ಇಷ್ಟು ಹತ್ರ ಇರೋದು ಬೇರೆ ಹುಡುಕಿದ್ರೂ ಸಿಗಲ್ಲ. ನಲ್ಲಿಗೆ ಹಾಕೋ ಅರ್ಧ ಇಂಚು ಜಿಐ ಪೈಪ್ ಅಂತ ಯಾರಾದ್ರೂ ಹೇಳ್ತಾರೆ, ಅದರ ಹೊರವ್ಯಾಸ 21 ದಾಟುತ್ತೆ, ಹೋಸ್ ಹರಿಯುತ್ತೆ. ಸಣ್ಣ ಮೂತಿಗೆ, ಅಂದ್ರೆ ತಾಮ್ರದ ಪೈಪಿನ ತೂತಿಗೆ ಬೆಸೆಯೋಕೆ, ಗ್ಯಾಸ್ ಒಲೆ ರಿಪೇರಿ ಅಂಗಡಿಯಿಂದ ಹಿತ್ತಾಳೆ ನಿಪ್ಪಲ್ ತಂದೆ, ಗ್ಯಾಸ್ ಪೈಪಿನ ಒಳವ್ಯಾಸಾನೂ 8 ಎಂಎಂ ಅಲ್ವಾ, ಬಳೆ ಬಳೆ ಗೆರೆ ಸಮೇತ ರೆಡಿ ಸಿಕ್ತು.

ಕೆಲ್ಸದಲ್ಲಿ ನಿಜವಾಗ್ಲೂ ತಲೆ ಕೊಡ್ಬೇಕಾಗಿದ್ದು ಆ ತುದೀಲಿರೋ ಬಳೆಗೆ. ಅದು ಇಲ್ದೆ ಬರೀ ನುಣ್ಣಗಿರೋ ಪೈಪಿಗೆ ಹೋಸ್ ಹಾಕಿ ಎಷ್ಟೇ ಬಿಗಿದ್ರೂ, ಬಿಸಿ ಆಗಿ ಪ್ರೆಷರ್ ಬಂದಾಗ ಹೋಸು ಇಷ್ಟಿಷ್ಟೇ ಜಾರಿ ಒಂದು ದಿನ ಕಳಚ್ಕೊಳ್ಳುತ್ತೆ. ಜೀಪಿನವ್ರ ತುಂಡಲ್ಲೂ ಆ ಬಳೆ ಇತ್ತು, ಆಮೇಲೆ ಗಮನಿಸ್ದೆ. ನಾನು ಮಾಡಿದ್ದು ಇಷ್ಟು: ಮನೆ ವೈರಿಂಗ್‌ನ 1 ಸ್ಕ್ವೇರ್ ಎಂಎಂ ವೈರ್ ಸುಲಿದು, ಒಂಟಿ ಎಳೆಯದ್ದು, ಪೈಪ್ ಸುತ್ತ ಬಿಗಿಯಾಗಿ ಒಂದೇ ಸುತ್ತು ಸುತ್ತಿ ಉಂಗುರ ಮಾಡಿ, ತುದಿಯಿಂದ 4 ಎಂಎಂ ಒಳಗೆ ಕೂರ್ಸಿದೆ. ಬೆಸುಗೆ ಆದ್ಮೇಲೆ ಸಣ್ಣ ಅರದಲ್ಲಿ ಉಜ್ಜಿ ಇಳಿಜಾರು ಮಾಡ್ದೆ, 18 ಚಿಲ್ಲರೆ ಇದ್ದಿದ್ದು 17.5ಕ್ಕೆ ಬಂತು. ಅರದ ಗೀರು ಉಳಿದ್ರೆ ಆ ಗೀರಲ್ಲೇ ನೀರು ಒಸರುತ್ತೆ, ಅದ್ಕೆ ನೀರು ಹಾಕಿ 400 ನಂಬರ್ ಮರಳು ಕಾಗದ, ಆಮೇಲೆ 800, ಪೈಪ್ ಸುತ್ತ ತಿರುಗ್ಸಿ ತಿಕ್ಕಬೇಕು, ಉದ್ದುದ್ದಕ್ಕೆ ತಿಕ್ಕಬಾರ್ದು.

ಬೆಸುಗೆಗೆ ಫ್ರಿಜ್ ರಿಪೇರಿ ಮಾಡೋ ಹುಡುಗನ ಹತ್ರ ಹೋದೆ. ಅವನ ಹತ್ರ ತಾಮ್ರ-ರಂಜಕದ ರಾಡು, ಗ್ಯಾಸ್ ಟಾರ್ಚು ಎರಡೂ ಇತ್ತು. "ಅಣ್ಣ, ತಾಮ್ರಕ್ಕೆ ತಾಮ್ರ ಆದ್ರೆ ಇದಕ್ಕೆ ಫ್ಲಕ್ಸ್ ಬೇಡ, ಹಿತ್ತಾಳೆ ಬಂತು ಅಂದ್ರೆ ಬೇಕೇ ಬೇಕು, ನನ್ ಹತ್ರ ಮುಗ್ದಿದೆ" ಅಂದ. ಫ್ಲಕ್ಸ್ ಅಂದ್ರೆ ಬೆಸುಗೆ ಲೋಹಕ್ಕೆ ಹಿಡಿಯೋಕೆ ಹಾಕೋ ಪುಡಿ. ಸರಿ ಅಂತ ಪಕ್ಕದ ಬೀದಿ ಆಚಾರ್ರ ಹತ್ರ ಓಡ್ದೆ, ಅವ್ರು ಚಿನ್ನದ ಕೆಲ್ಸಕ್ಕೆ ಇಟ್ಕೊಂಡಿದ್ದ ಬಿಳಿಗಾರ (ಬೋರಾಕ್ಸ್) ಒಂದು ಪೊಟ್ಣ ಕೊಟ್ರು. ಹುಡುಗ ಟಾರ್ಚ್ ನನ್ನ ಕೈಗೇ ಕೊಟ್ಟು ಹೇಳ್ಕೊಟ್ಟ: ರಾಡಿಗೆ ಬೆಂಕಿ ತೋರಿಸ್ಬೇಡಿ, ಪೈಪಿಗೆ ತೋರ್ಸಿ, ಪೈಪಿನ ಬಿಸಿಗೇ ರಾಡು ಕರಗಿ ಸಂದೀಲಿ ಹೀರ್ಕೋಬೇಕು. ತಾಮ್ರ ಮಂದ ಕೆಂಪಾಗೋವರೆಗೂ ಕಾಯ್ಬೇಕು. ಹಿತ್ತಾಳೆಗೆ ಜಾಸ್ತಿ ಹಿಡಿದ್ರೆ ಒಳಗಿನ ಸತು ಬಿಳಿ ಹೊಗೆ ಆಗಿ ಹೋಗುತ್ತೆ, ಆ ಹೊಗೆ ಕುಡೀಬಾರ್ದು, ಬಾಗ್ಲು ತೆಗೆದಿಟ್ಟು ಮಾಡ್ದೆ. ರಾಡ್ ಮೊದಲ್ನೇ ಸಲ ಕರಗಿ ಉಂಗುರದ ಸುತ್ತ ಬೆಳ್ಳಿ ಗೆರೆ ಥರ ಓಡ್ತಲ್ಲ, ಆ ಕ್ಷಣ ಮರೆಯೋಕಾಗಲ್ಲ.

ಮನೆಗೆ ತಂದು ಎರಡು ಮೂತಿಗೆ ಹೋಸ್ ತುಂಡು ಹಾಕಿ ಬೋಲ್ಟಲ್ಲಿ ಮುಚ್ಚಿ, ಸಣ್ಣ ಮೂತಿಗೆ ಮೀಟರ್ ಇರೋ ಫುಟ್ ಪಂಪ್ ಜೋಡ್ಸಿ, ಬಕೆಟ್ ನೀರಲ್ಲಿ ಮುಳುಗಿಸಿ 25 ಪಿಎಸ್‌ಐ ಹಾಕ್ದೆ. ನನ್ನ ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ 1.1 ಅಂತಿದೆ, ಅಂದ್ರೆ 1.1 ಬಾರ್ ಪ್ರೆಷರ್, ಅದು ಹೆಚ್ಚುಕಮ್ಮಿ 16 ಪಿಎಸ್‌ಐ, ಅದಕ್ಕಿಂತ ಒಂದೂವರೆಪಟ್ಟು. ಒಂದು ಗುಳ್ಳೆ ಬರ್ಲಿಲ್ಲ. ಅದೇ ಖುಷೀಲಿ ಆಚಾರ್ರಿಗೆ ತೋರ್ಸೋಕೆ ತಗೊಂಡ್ ಹೋದೆ. ಅವ್ರು ಕನ್ನಡಕ ಮೇಲೆ ಮಾಡಿ ನಿಪ್ಪಲ್ ಬುಡಾನ ತಿರುಗ್ಸಿ ತಿರುಗ್ಸಿ ನೋಡಿ, "ಮಾರಾಯ, ಬಿಳಿಗಾರ ಕರಗಿ ಗಾಜಾಗಿ ಕೂತಿದೆ ನೋಡು. ಇದು ಹೋಗೋವರೆಗೂ ಬೆಸುಗೆ ಕೂತಿದ್ಯೋ ಇಲ್ವೋ ಹೇಳೋಕೆ ಬರಲ್ಲ. ನೀರಲ್ಲಿ ಚೆನ್ನಾಗಿ ಕುದ್ಸಿ, ಹುಣಸೆಹುಳಿ ಹಾಕಿ ತಿಕ್ಕಿ, ಆಮೇಲೆ ಪಂಪ್ ಹೊಡಿ" ಅಂದ್ರು.

ಮುಕ್ಕಾಲು ಗಂಟೆ ಕುದ್ಸಿದೆ. ಗಾಜು ಕರಗಿ ಹೋಯ್ತು, ಹುಣಸೆಹುಳೀಲಿ ತಾಮ್ರ ಫಳಫಳ ಆಯ್ತು. ಮತ್ತೆ ಪಂಪ್ ಹೊಡೆದ್ರೆ ನಿಪ್ಪಲ್ ಬುಡದಿಂದ ಸೂಜಿಮೊನೆಯಷ್ಟು ತೂತಿಂದ ಗುಳ್ಳೆ ಸಾಲು ಸಾಲಾಗಿ ಏಳ್ತಿದೆ! ಬೆಸುಗೆ ಅಲ್ಲಿ ಕೂತೇ ಇರ್ಲಿಲ್ಲ, ಬಿಳಿಗಾರದ ಗಾಜೇ ತೂತು ಮುಚ್ಕೊಂಡಿತ್ತು. ಹಂಗೇ ಹಾಕಿದ್ದಿದ್ರೆ ಬಿಸಿ ಕೂಲಂಟಲ್ಲಿ ಆ ಗಾಜು ಕೆಲವೇ ದಿನದಲ್ಲಿ ಕರಗಿ, ಮತ್ತೆ ಯಾವ್ದೋ ಘಾಟಿ ಮಧ್ಯ ಅಮ್ಮನ್ನ ಮಳೇಲಿ ಕೂರ್ಸ್ಕೊಂಡಿರ್ತಿದ್ದೆ. ಎರಡನೇ ಸಲ ನಿಪ್ಪಲ್ ಬಿಚ್ಚಿ, ಜಾಗ ಉಜ್ಜಿ ಹೊಳಪು ಮಾಡಿ, ಬಿಳಿಗಾರನ ನೀರಲ್ಲಿ ಕಲ್ಸಿ ತೆಳ್ಳಗೆ ಬಳಿದು ಬೆಸೆದೆ. ಕುದ್ಸಿ, ತಿಕ್ಕಿ, 25ಕ್ಕೆ ಪಂಪ್ ಹೊಡೆದು ರಾತ್ರಿಯಿಡೀ ಹಂಗೇ ಬಿಟ್ಟೆ. ಬೆಳಿಗ್ಗೆ ಮೀಟರ್ ಅಲ್ಲೇ ಇತ್ತು.

ಅಷ್ಟಾದ್ರೂ ಹಾಕೋಕೆ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಇನ್ನೊಂದು ವಿಷ್ಯ ಕೊರೀತಿತ್ತು. ನನ್ನ ಕಾರಿನ ರೇಡಿಯೇಟರು, ಇಂಜಿನ್ ಹೆಡ್ಡು ಎರಡೂ ಅಲ್ಯೂಮಿನಿಯಂ. ತಾಮ್ರದ ಕಣ ಕೂಲಂಟಲ್ಲಿ ಬಿಟ್ಕೊಂಡು ಅಲ್ಯೂಮಿನಿಯಂ ಮೇಲೆ ಹೋಗಿ ಕೂತ್ರೆ ಅಲ್ಲಲ್ಲೇ ಗುಳಿ ಬೀಳೋಕೆ ಶುರುವಾಗುತ್ತೆ. ಹಿಂದಿನ ಎಷ್ಟೋ ಕಾರಲ್ಲಿ ತಾಮ್ರ-ಹಿತ್ತಾಳೆ ರೇಡಿಯೇಟರ್ ಜೊತೆ ಅಲ್ಯೂಮಿನಿಯಂ ಹೆಡ್ ಇತ್ತು, ಕೂಲಂಟಲ್ಲಿರೋ ತುಕ್ಕು ತಡೆಯೋ ರಸಾಯನದಿಂದ ಅವು ಬಾಳಿವೆ, ನಿಜ. ಆದ್ರೂ ಗೊತ್ತಿದ್ದೂ ಸುಮ್ನೆ ಬಿಡೋದು ನಂಗೆ ಸರಿ ಅನ್ನಿಸ್ಲಿಲ್ಲ. ಇದನ್ನ ಆಚಾರ್ರ ಹತ್ರ ಹೇಳ್ತಿದ್ದಾಗ ಅವ್ರು ಯೋಚ್ನೆನೇ ಮಾಡ್ದೆ, "ತಾಮ್ರದ ಪಾತ್ರೇಲಿ ಹುಳಿ ಕುದ್ಸೋಕೆ ಮುಂಚೆ ಎಂತ ಮಾಡ್ತಾರೆ? ಕಲಾಯಿ ಹಾಕ್ತಾರೆ. ಇದಕ್ಕೂ ಹಾಕು" ಅಂದ್ರು.

ನಂಗೆ ಮೈ ಜುಂ ಅಂತು. ಕಲಾಯಿ ಅಂದ್ರೆ ತವರದ ತೆಳು ಲೇಪ ತಾನೆ, ತವರ ಕರಗೋದು 232 ಡಿಗ್ರಿಗೆ, ಕೂಲಂಟು ಪ್ರೆಷರಲ್ಲಿ ಎಷ್ಟೇ ಕುದ್ದ್ರೂ 120-130ರ ಆಸುಪಾಸು, ಹಾಗಾಗಿ ಕಲಾಯಿ ಇಳ್ದು ಹೋಗೋ ಭಯ ಇಲ್ಲ. ಬೆಸುಗೆ ಕರಗೋದಂತೂ 700 ಡಿಗ್ರಿ ಮೇಲೆ, ಕಲಾಯಿ ಹಾಕೋ ಬಿಸಿಗೆ ಅದು ಅಲ್ಲಾಡಲ್ಲ. ಆಚಾರ್ರೇ ಹಾಕಿಕೊಟ್ರು. ಇಕ್ಕಳದಲ್ಲಿ ಹಿಡಿದು ಬಿಸಿ ಮಾಡಿ, ಒಳಗೆ ನವಸಾಗರ ಉದುರ್ಸಿದ್ರು, ಬಿಳೀ ಹೊಗೆ ಎದ್ದು ಮೂಗು ಕಟ್ಟೋ ವಾಸನೆ, ನಾನು ಸಣ್ಣವ್ನಿದ್ದಾಗ ಮನೆ ಅಂಗಳದಲ್ಲಿ ಕಲಾಯಿಯವ್ನು ತಿದಿ ಒತ್ತುತ್ತಾ ಕೂತಿರ್ತಿದ್ದಾಗ ಬರ್ತಿದ್ದಿದ್ದು ಇದೇ ವಾಸನೆ. ಒಂದು ಚೂರು ತವರ ಮುಟ್ಸಿದ ತಕ್ಷಣ ಕರಗಿ ಓಡ್ತು, ತಂತಿ ತುದಿಗೆ ಹತ್ತಿ ಸುತ್ತಿ ಒಳಗೆಲ್ಲ ಸರ್ರನೆ ತಿರುಗ್ಸಿದ್ರು, ತಾಮ್ರದ ಪೈಪು ಒಳಗಡೆ ಬೆಳ್ಳಿ ಲೋಟದ ಥರ ಆಗ್ಬಿಡ್ತು. ನವಸಾಗರ ಉಳಿದ್ರೆ ಅದೇ ತಿನ್ನುತ್ತೆ, ಅದ್ಕೆ ಮತ್ತೆ ಮೂರು ಸಲ ಬಿಸಿನೀರಲ್ಲಿ ತೊಳೆದೆ.

ಕೂರ್ಸೋವಾಗ ಒಂದು ಎಚ್ಚರಿಕೆ. ಬೆಸುಗೆ ಬಿಸಿಗೆ ತಾಮ್ರ ತುಂಬ ಮೆತ್ತಗಾಗಿರುತ್ತೆ, ಸ್ಕ್ರೂ ಕ್ಲಿಪ್ ಹಾಕಿ ಜೋರಾಗಿ ಬಿಗಿದ್ರೆ ಪೈಪೇ ಅಪ್ಪಚ್ಚಿ ಆಗುತ್ತೆ. ನಾನು ಕಾರಿನ ಜೊತೆ ಬಂದಿದ್ದ ಸ್ಪ್ರಿಂಗ್ ಕ್ಲಿಪ್ಪನ್ನೇ ವಾಪಸ್ ಹಾಕ್ದೆ, ಅದು ಬಿಸಿಗೆ ಹಿಗ್ಗಿದ್ರೂ ತಣ್ಣಗಾಗಿ ಕುಗ್ಗಿದ್ರೂ ಒಂದೇ ಬಿಗಿ ಹಿಡಿಯುತ್ತೆ. ಕ್ಲಿಪ್ಪು ಬಳೆಯ ಹಿಂದೆ ಕೂರ್ಬೇಕು, ಬಳೆ ಮೇಲಲ್ಲ. ಮಳೆನೀರೆಲ್ಲ ಇಳ್ಸಿ ರೆಡಿಮಿಕ್ಸ್ ಕೂಲಂಟ್ ತುಂಬಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಮುಚ್ಚಳ ತೆಗೆದು ಇಂಜಿನ್ ಓಡ್ಸಿ ಗಾಳಿ ಗುಳ್ಳೆ ನಿಲ್ಲೋವರೆಗೂ ಹೋಸ್ ಹಿಸುಕ್ತಾ ನಿಂತಿದ್ದೆ. ಆಮೇಲೆ ಟೀ ಎಲ್ಲೂ ವೈರಿಗೆ ತಾಗಬಾರ್ದು ಅಂತ ಹಳೇ ಹೋಸಿನ ಸಿಪ್ಪೆ ಸುತ್ತಿ ಟೈ ಹಾಕ್ದೆ, ಲೋಹ ಅಲ್ವಾ, ಪ್ಲಾಸ್ಟಿಕ್ಕಿಗಿಂತ ತೂಕಾನೂ ಜಾಸ್ತಿ.

ಇದನ್ನ ಓದಿ ಕಾರಲ್ಲಿರೋ ಪ್ಲಾಸ್ಟಿಕ್ಕೆಲ್ಲ ಲೋಹ ಮಾಡೋಕೆ ಹೋಗ್ಬೇಡಿ. ಪವರ್ ವಿಂಡೋ, ವೈಪರ್ ಒಳಗಿನ ಎಷ್ಟೋ ಪ್ಲಾಸ್ಟಿಕ್ ಹಲ್ಲಿನ ಚಕ್ರ ಮೋಟರಿಗಿಂತ ಮೊದಲು ತಾನು ಸವೆದು ಮೋಟರನ್ನ ಉಳಿಸುತ್ತೆ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು ಇವುಗಳ ಹತ್ರ ಮನೇಲಿ ಮಾಡಿದ್ದು ಏನೂ ಹಾಕಬಾರ್ದು, ಅದ್ರಲ್ಲಿ ನಂಗೆ ಎರಡು ಮಾತಿಲ್ಲ. ಡೀಸೆಲ್, ಪೆಟ್ರೋಲ್ ಪೈಪಿಗೂ ಅಷ್ಟೇ.

ಟೀ ಹಾಕಿ ಒಂದು ವರ್ಷ ನಾಲ್ಕು ತಿಂಗಳಾಯ್ತು. ಆಗುಂಬೆಯ 14 ತಿರುವನ್ನ ಎಷ್ಟು ಸಲ ಹತ್ತಿದೀನೋ ಲೆಕ್ಕ ಇಲ್ಲ, ಅಮ್ಮ ಈಗ್ಲೂ ಐದನೇ ತಿರುವು ಬಂದ್ರೆ ಒಂದ್ಸಲ ಮೂಗು ಎಳೆದು ವಾಸನೆ ನೋಡ್ತಾರೆ. ಹೋದ ವಾರ ಒಂದು ಹೋಸ್ ಬಿಚ್ಚಿ ಟಾರ್ಚ್ ಬಿಟ್ಟು ನೋಡ್ದೆ. ಕಲಾಯಿ ಮಬ್ಬಾಗಿದೆ, ನಿಪ್ಪಲ್ ತೂತಿನ ಅಂಚಲ್ಲಿ ಮಾತ್ರ ಒಂದು ಕಡೆ ತೆಳುವಾಗಿ ತಾಮ್ರದ ಬಣ್ಣ ಕಾಣ್ತಿದೆ, ಹಸಿರು ಕಿಲುಬು ಎಲ್ಲೂ ಇಲ್ಲ. ಎರಡು ವರ್ಷಕ್ಕೆ ಕೂಲಂಟ್ ಬದಲಿಸೋವಾಗ ಬಿಚ್ಚಿ ಆಚಾರ್ರ ಹತ್ರ ತಗೊಂಡ್ ಹೋಗಿ ಇನ್ನೊಂದು ಕೋಟ್ ಹಾಕ್ಸ್ತೀನಿ. ಜೀಪಿನವ್ರ ಕಬ್ಬಿಣದ ತುಂಡು ಎಣ್ಣೆ ಹಚ್ಚಿ ಡಿಕ್ಕೀಲಿ ಸ್ಪೇರ್ ಟೈರ್ ಪಕ್ಕ ಇಟ್ಟಿದೀನಿ, ಜೊತೆಗೆ ಎರಡು ಕ್ಲಿಪ್ಪು, ಒಂದು ಬೋಲ್ಟು.