ಮೇ ತಿಂಗಳ ಬಿಸಿಲು, ಕೊಲ್ಹಾರದ ರಸ್ತೆ

ನಮ್ಮ ಕಡೆ ಮೇ ತಿಂಗಳಲ್ಲಿ ಕೆಲಸವಿಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಕಲಬುರಗಿ ವಿಭಾಗಕ್ಕೆ ಇರುವ ಬೇಸಿಗೆ ವೇಳೆಯೇ ನಮಗೂ. ಅಂಥ ತಿಂಗಳಲ್ಲಿ ನಾವು ಇಪ್ಪತ್ತು ಇಪ್ಪತ್ತೈದು ಮಂದಿ ವಿಜಯಪುರದಿಂದ ಬಾಗಲಕೋಟೆಗೆ ಸೈಕಲ್ ಜಾಥಾ ಹೊರಟಿದ್ದೆವು. ಹೈಸ್ಕೂಲಿಗೆ ನಡೆದು ಬರುವ ಹುಡುಗಿಯರಿಗೆ ಸೈಕಲ್ ಕೊಡಿಸಲು ದುಡ್ಡು ಕೂಡಿಸುವ ಜಾಥಾ. ಎಂಬತ್ತು ಕಿಲೋಮೀಟರಿನ ಆಸುಪಾಸಿನ ದಾರಿ, ಅರ್ಧ ದಾರಿಗೆ ಕೊಲ್ಹಾರ. "ಇಂಥಾ ಬಿಸಲಾಗ ಯಾಕ್ರಿ ಅಕ್ಕೋರ? ಚಳಿಗಾಲದಾಗ ಹೋಗಬಾರದೇನು?" ಎಂದು ಕೇಳದವರಿಲ್ಲ.

ಚಳಿಗಾಲದಲ್ಲಿ ಹೋಗಬಹುದಿತ್ತು. ಆದರೆ ಶಾಲೆ ಶುರುವಾಗುವುದು ಮೇ ಕೊನೆಗೆ. ಅಷ್ಟರೊಳಗೆ ದುಡ್ಡು ಕೂಡಿಸಬೇಕು, ಅಂಗಡಿಗೆ ಸೈಕಲ್ ಹೇಳಬೇಕು. ನಮ್ಮ ಭಾಗದಲ್ಲಿ ತುಂಬಾ ಜನ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ತೋಟದ ವಸ್ತಿ ಅನ್ನುತ್ತೇವೆ. ಚಿಕ್ಕ ಮಕ್ಕಳಿಗೆ ಹತ್ತಿರದಲ್ಲೇ ಶಾಲೆ ಇರುತ್ತದೆ. ಹೈಸ್ಕೂಲಿಗೆ ಮಾತ್ರ ಊರಿಗೆ ಬರಬೇಕು. ನಾಲ್ಕೈದು ಕಿಲೋಮೀಟರ್ ನಡಿಗೆ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ, ನಿಜ. ಆದರೆ ವಸ್ತಿಗೆ ಬಸ್ಸೇ ಬರುವುದಿಲ್ಲ. 2006–07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಸಿಗುತ್ತಿತ್ತು. ಕೋವಿಡ್ ಕಾಲದಲ್ಲಿ ಅದು ನಿಂತಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸೈಕಲ್ ನಿಂತದ್ದರ ಪರಿಣಾಮ ನನ್ನ ಹಾಜರಿ ಪುಸ್ತಕದಲ್ಲೇ ಕಾಣುತ್ತದೆ. ಜೂನ್‌ನಲ್ಲಿ ದಿನಾ ಬರುತ್ತಿದ್ದ ಹುಡುಗಿ ಆಗಸ್ಟ್ ಹೊತ್ತಿಗೆ ವಾರಕ್ಕೆ ಮೂರು ದಿನ ಬರುತ್ತಾಳೆ. ದೀಪಾವಳಿ ರಜೆ ಮುಗಿದ ಮೇಲೆ ಬರುವುದೇ ಇಲ್ಲ. ಮನೆಗೆ ಹೋಗಿ ಕೇಳಿದರೆ ಅವ್ವ ಹೇಳುವ ಮಾತು ಒಂದೇ: "ಅಷ್ಟ ದೂರ ಒಬ್ಬಾಕಿನ ಹೆಂಗ ಕಳಸೂದ್ರಿ ಅಕ್ಕೋರ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಜೊತೆಗೆ ಇನ್ನೆರಡು ಹುಡುಗಿಯರಿಗೆ ಸೈಕಲ್ ಸಿಕ್ಕರೆ ಮೂವರೂ ಕೂಡಿ ಬರುತ್ತಾರೆ. ಅದನ್ನೂ ನಾನೇ ನೋಡಿದ್ದೇನೆ.

ಜಾಥಾದ ಲೆಕ್ಕ ಹೀಗಿತ್ತು. ಒಬ್ಬೊಬ್ಬ ಸವಾರರಿಗೆ ಒಬ್ಬೊಬ್ಬ ದಾನಿ. ಸವಾರರು ಹೊಡೆದ ಪ್ರತಿ ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ದಾನಿಗಳು ಮೊದಲೇ ಮಾತು ಕೊಟ್ಟಿರುತ್ತಾರೆ. ಅಡತಿ (ದಲಾಲಿ) ಅಂಗಡಿಯವರು, ಡಾಕ್ಟರು, ದ್ರಾಕ್ಷಿ ಬೆಳೆಗಾರರು, ಪುಣೆ, ಬೆಂಗಳೂರು ಸೇರಿದ ನಮ್ಮ ಹಳೆ ವಿದ್ಯಾರ್ಥಿಗಳು ಒಪ್ಪಿದ್ದರು. ಹಿಂದೆ ಬರೀ ರಸೀದಿ ಪುಸ್ತಕ ಹಿಡಿದು ತಿರುಗಿದ್ದೂ ಉಂಟು. ಐವತ್ತು, ನೂರು ಕೊಟ್ಟು ಕಳಿಸುತ್ತಿದ್ದರು, ಯಾಕೆ ಎಂದು ಕೇಳುತ್ತಿರಲಿಲ್ಲ. ಸೈಕಲ್ ಹತ್ತಿ ಹೊರಟರೆ ಎಲ್ಲರೂ ಕೇಳುತ್ತಾರೆ.

ಮುಂದಾಳು ನಿವೃತ್ತ ಪಿ.ಟಿ. ಸರ್. ಸೈಕ್ಲಿಂಗ್ ನಮ್ಮ ಎರಡೂ ಜಿಲ್ಲೆಗೆ ಹೊಸದಲ್ಲ. ವಿಜಯಪುರದಲ್ಲೂ ಬಾಗಲಕೋಟೆಯಲ್ಲೂ ಸೈಕ್ಲಿಂಗ್ ಕ್ರೀಡಾ ನಿಲಯಗಳಿವೆ. ಇಲ್ಲಿನ ಹಳ್ಳಿ ಮಕ್ಕಳು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಸರ್ ಅಂಥ ಮಕ್ಕಳ ಬೆನ್ನ ಹಿಂದೆ ವರ್ಷಗಟ್ಟಲೆ ಓಡಾಡಿದವರು. ಅವರ ಕಟ್ಟಳೆ ಎರಡೇ. ಎಲ್ಲರಿಗಿಂತ ನಿಧಾನ ಇರುವವರು ಮುಂದೆ ಇರಬೇಕು. ಸರ್ ಸೀಟಿ ಹೊಡೆದಾಗಲೆಲ್ಲ, ಬಾಯಾರಿಕೆ ಇರಲಿ ಬಿಡಲಿ, ಎರಡು ಗುಟುಕು ನೀರು ಕುಡಿಯಬೇಕು. ನಮ್ಮಲ್ಲಿ ಗೇರ್ ಸೈಕಲ್ಲಿನ ಹುಡುಗರೂ ಇದ್ದರು, ಹಳೇ ಡಬಲ್ ಬಾರ್ ಸೈಕಲ್ಲಿನ ಕಾಕಾಗಳೂ ಇದ್ದರು. ಹಾಗಾಗಿ ಮುಂದೆ ಕಾಕಾಗಳು, ಹಿಂದೆ ಹುಡುಗರು. ಕೊನೆಗೆ ನೀರು, ಬಾಳೆಹಣ್ಣು, ಪಂಕ್ಚರ್ ಸಾಮಾನು ತುಂಬಿದ ಒಂದು ಟಂಟಂ ಆಟೊ, ಅದರ ಹಿಂದೆ ಒಂದು ಟೆಂಪೋ.

ಗೋಳಗುಮ್ಮಟದ ಮುಂದಿನಿಂದ ಬೆಳಗಿನ 5ಕ್ಕೆ ಹೊರಡಬೇಕಿತ್ತು. ಹೊರಟಾಗ 7 ದಾಟಿತ್ತು. ಬಾವುಟ ತೋರಿಸಲು ಬರಬೇಕಾದವರು ತಡವಾಗಿ ಬಂದರು. ಬಂದ ಮೇಲೆ ಹಾರ, ಶಾಲು, ಭಾಷಣ. ಎರಡು ತಾಸು ತಂಪು ಹೊತ್ತು ಅಲ್ಲೇ ಕರಗಿತು. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಬೆಳಗಿನ ಎರಡು ತಾಸು ಅಂದರೆ ಇಪ್ಪತ್ತೈದು ಕಿಲೋಮೀಟರ್. ಆಮೇಲೆ ನಡೆದದ್ದಕ್ಕೆಲ್ಲ ಮೊದಲ ಕಾರಣ ಇದೇ.

ಜುಮನಾಳದವರೆಗೆ ಚೆನ್ನಾಗಿತ್ತು. ಮುಳವಾಡ ಬರುವಷ್ಟರಲ್ಲಿ ಡಾಂಬರಿನಿಂದ ಝಳ ಮೇಲೆ ಏಳತೊಡಗಿತು. ಸೂರ್ಯ ಮೇಲಿನಿಂದ, ರಸ್ತೆ ಕೆಳಗಿನಿಂದ. ಹ್ಯಾಂಡಲ್ಲಿನ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ. ಬಾಟಲಿ ನೀರು ಚಹಾದಷ್ಟು ಬಿಸಿ. ಎರಡೂ ಕಡೆ ಕಟಾವಾದ ಹೊಲ, ಕಪ್ಪು ಎರೆ ಮಣ್ಣು ಬಾಯಿ ಬಿಟ್ಟು ಬಿದ್ದಿತ್ತು. ನೆರಳೆಂದರೆ ಅಲ್ಲೊಂದು ಇಲ್ಲೊಂದು ಬೇವಿನ ಮರ, ಉಳಿದದ್ದು ಜಾಲಿ. ಜಾಲಿ ಮರದ ಕೆಳಗೆ ಸೈಕಲ್ ನಿಲ್ಲಿಸಿದರೆ ಮುಳ್ಳು ಚುಚ್ಚಿ ಟ್ಯೂಬ್ ಹೋಗುತ್ತದೆ. ಒಂದೆರಡು ಹೋದವು. ಬಿಸಿಲಿಗೆ ಪ್ಯಾಚಿನ ಅಂಟೂ ಸರಿಯಾಗಿ ಹಿಡಿಯಲಿಲ್ಲ, ಟ್ಯೂಬನ್ನೇ ಬದಲಿಸಬೇಕಾಯಿತು.

ನಮ್ಮ ಕಡೆಯ ಒಣ ಬಿಸಿಲಲ್ಲಿ ಒಂದು ಮೋಸ ಇದೆ. ಕರಾವಳಿಯಲ್ಲಿ ಬೆವರು ಸುರಿಯುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಮೂಡುತ್ತದೆ. ಒಂದು ತಾಸು ಜೋರಾಗಿ ಪೆಡಲ್ ತುಳಿದರೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. ಹೋದದ್ದೇ ಗೊತ್ತಾಗುವುದಿಲ್ಲ. ಬರೀ ನೀರು ಕುಡಿದರೂ ಸಾಲದು, ಉಪ್ಪು ವಾಪಸ್ ಬರಬೇಕು. ಅದಕ್ಕೇ ಸರ್ ಎಲ್ಲರ ಕೈಗೂ ಓಆರ್‌ಎಸ್ ಪಾಕೀಟು ಕೊಟ್ಟಿದ್ದರು. ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರಿಗೆ. ಅದನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ಉಪ್ಪು ಜಾಸ್ತಿಯಾಗಿ ತೊಂದರೆ. ಹಾಗೆ ಸುರಿಯಲು ಹೋದವರ ಕೈ ಹಿಡಿದು ಸರ್ ನಿಲ್ಲಿಸಿದರು. ಕಾಕಾಗಳಿಗೆ ಇದ್ಯಾವುದೂ ಬೇಡವಾಗಿತ್ತು. ತಲೆಗೆ ಒದ್ದೆ ಟವೆಲ್, ಚೀಲದಲ್ಲಿ ಉಪ್ಪು ಹಾಕಿದ ಮಜ್ಜಿಗೆ, ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ. ಅವರು ಕೊನೆಯವರೆಗೂ ದಣಿಯಲಿಲ್ಲ. ಒಣ ಗಾಳಿಯಲ್ಲಿ ಒದ್ದೆ ಟವೆಲ್ ಬೇಗ ಆರುತ್ತದೆ, ಆರುವಾಗ ತಲೆಯ ಕಾವನ್ನು ಎಳೆದುಕೊಳ್ಳುತ್ತದೆ. ಬೆವರು ಮಾಡುವ ಕೆಲಸವೂ ಅದೇ. ನಾನು ಪಾಠದಲ್ಲಿ ಹೇಳುವುದನ್ನು ಅವರು ಹೊಲದಲ್ಲೇ ಕಲಿತಿದ್ದಾರೆ.

ಕೊಲ್ಹಾರ ಇನ್ನೂ ಏಳೆಂಟು ಕಿಲೋಮೀಟರ್ ಇದ್ದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಮಾತು ನಿಲ್ಲಿಸಿದ. ಡಿಗ್ರಿ ಓದುವವನು, ನಮ್ಮೆಲ್ಲರಿಗಿಂತ ಗಟ್ಟಿ. ಬೆಳಿಗ್ಗೆಯಿಂದ ಹಾಡು, ಹರಟೆ ನಡೆಸಿದ್ದ. ಸರ್ ಅವನ ಪಕ್ಕಕ್ಕೆ ಹೋಗಿ, "ಏನಾತೋ ತಮ್ಮಾ?" ಎಂದರು. "ಚಳಿ ಬಂದಂಗ ಆಗಾಕತ್ತೈತ್ರಿ ಸರ್," ಎಂದ. ನಲವತ್ತು ಡಿಗ್ರಿ ಬಿಸಿಲಲ್ಲಿ ಅವನ ಕೈಮೇಲೆ ರೋಮ ನಿಂತಿತ್ತು.

ಸರ್ ಮರುಮಾತಾಡದೆ ಉದ್ದಕ್ಕೆ ಸೀಟಿ ಹೊಡೆದರು. ಬೇವಿನ ಮರದ ಕೆಳಗೆ ಅವನನ್ನು ಮಲಗಿಸಿದೆವು. ಬೂಟು, ಹೆಲ್ಮೆಟ್ ತೆಗೆದು ಕಾಲ ಕೆಳಗೆ ಚೀಲ ಇಟ್ಟೆವು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ. ಇಬ್ಬರು ರಟ್ಟು ಹಿಡಿದು ಗಾಳಿ ಹಾಕಿದರು. ಸರ್ ಅವನನ್ನು ಮಾತಾಡಿಸುತ್ತಲೇ ಇದ್ದರು. ನಿನ್ನ ಊರು ಯಾವುದು, ಇವತ್ತು ಏನು ವಾರ, ಬೆಳಿಗ್ಗೆ ಏನು ತಿಂದೆ. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟ. ಅದೇ ನಮಗೆ ಧೈರ್ಯ. ಬಿಸಿಲು ಬಡಿದವರು ತಪ್ಪು ತಪ್ಪು ಮಾತಾಡತೊಡಗಿದರೆ, ಮೈ ಕಾದು ಕೆಂಡವಾಗಿದ್ದರೆ, ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಓಡಬೇಕು. ಒಂದು ನಿಮಿಷವೂ ತಡಮಾಡಬಾರದು. ಇವನು ಆ ಹಂತಕ್ಕೆ ಹೋಗಿರಲಿಲ್ಲ. ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ, ಟಂಟಂನಲ್ಲಿ ಕೂರಿಸಿ, ಕೊಲ್ಹಾರದಲ್ಲಿ ಡಾಕ್ಟರಿಗೆ ತೋರಿಸಿದೆವು. ಸಂಜೆಗೆ ಸರಿಹೋದ. ಮತ್ತೆ ಸೈಕಲ್ ಹತ್ತಲು ಮಾತ್ರ ಸರ್ ಬಿಡಲಿಲ್ಲ.

ಕೊಲ್ಹಾರ ತಲುಪಿದಾಗ 11 ದಾಟಿತ್ತು. ಅಲ್ಲಿ ಜಗಳ ಶುರುವಾಯಿತು. ಸಂಜೆ ಬಿಸಿಲು ಇಳಿಯುವವರೆಗೆ ಒಬ್ಬರೂ ಹೊರಡಬಾರದು ಎಂದರು ಸರ್. ಹುಡುಗರು ಒಪ್ಪಲಿಲ್ಲ. "ಇನ್ನ ಅರ್ಧ ದಾರಿ ಐತ್ರಿ ಸರ್. ಬಾಗಲಕೋಟಿ ಮುಟ್ಟತೀವಿ ಅಂತ ಹೇಳೀವಿ. ಮಂದಿ ಕಿಲೋಮೀಟರ್ ಲೆಕ್ಕದಾಗ ರೊಕ್ಕಾ ಕೊಡಾವ್ರದಾರ. ಹಿಂಗ ಕುಂತ್ರ ಒಂದು ಸೈಕಲ್ಲಿನ ರೊಕ್ಕಾ ಹೋಗತೈತಿ."

ಅವರ ಮಾತಲ್ಲಿ ಸುಳ್ಳಿರಲಿಲ್ಲ. ನನಗೂ ನನ್ನ ಹಾಜರಿ ಪುಸ್ತಕದ ಹೆಸರುಗಳು ಕಣ್ಣ ಮುಂದೆ ಬಂದವು. ಒಂದು ಸೈಕಲ್ ಕಡಿಮೆಯಾದರೆ ಒಂದು ಹುಡುಗಿ ಕಡಿಮೆ. ಸರ್ ದನಿ ಏರಿಸದೆ ಹೇಳಿದರು: "ಯಾರಿಗರೆ ಏನರೆ ಆದ್ರ, ಮುಂದಿನ ವರ್ಷ ಈ ಜಾಥಾಕ್ಕ ನಿಮ್ಮ ಮನಿಯವ್ರು ನಿಮ್ಮನ್ನ ಕಳಸ್ತಾರೇನು? ಒಂದು ಸೈಕಲ್ ಹೋಗ್ಲಿ ಬಿಡ್ರಿ." ನಾನು ಸರ್ ಪರ ನಿಂತೆ. ಇವತ್ತಿಗೂ ಅದೇ ಸರಿ ಅನ್ನುತ್ತೇನೆ. ವಸ್ತಿಯ ಅವ್ವ ಮಗಳನ್ನು ಕಳಿಸದೆ ಇರುವುದು ಭಯಕ್ಕೆ. ಆ ಭಯ ಕಳೆಯಲು ಹೊರಟವರು ಇನ್ನೊಬ್ಬ ಅವ್ವನಿಗೆ ಭಯ ಹುಟ್ಟಿಸಿದರೆ ಹೇಗೆ?

ಮಧ್ಯಾಹ್ನ ಒಂದು ಗುಡಿಯ ಪೌಳಿಯಲ್ಲಿ ಕಳೆಯಿತು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟುಕೊಟ್ಟು ಈಚೆಗೆ ಬಂದು ನೆಲೆಸಿದ ಊರು ಕೊಲ್ಹಾರ. ಮೊಸರಿಗೆ ಹೆಸರುವಾಸಿ. ಸಣ್ಣ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಗಡಿಗೆಯ ಮೈಯಿಂದ ನೀರಿನ ಪಸೆ ಆರುತ್ತಾ ಇರುವುದರಿಂದ ಒಳಗೆ ತಂಪಾಗಿರುತ್ತದೆ. ಮೊಸರು ಮಾರುವ ಒಬ್ಬ ಅಜ್ಜಿ ನಮ್ಮ ಅಂಗಿಯ ಮೇಲಿನ ಬರಹ ಓದಿಸಿಕೊಂಡಳು. ಪೂರ್ತಿ ಕೇಳಿ, "ನಮ್ಮ ಮೊಮ್ಮಗಳೂ ನಡಕೋಂತನ ಹೋಗತಾಳವಾ," ಎಂದಳು. ಯಾವ ಶಾಲೆ, ಎಷ್ಟು ದೂರ ಎಂದು ನಾನು ಬರೆದುಕೊಂಡೆ. ಆ ಹೆಸರು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ನಿಲ್ಲದೆ ಹೋಗಿದ್ದರೆ ಸೇರುತ್ತಲೂ ಇರಲಿಲ್ಲ. ಸಂಜೆಯೊಳಗೆ ಇನ್ನೂ ಹಲವರು ಬಂದು ತಮ್ಮ ವಸ್ತಿಯ ಹುಡುಗಿಯರ ಹೆಸರು ಹೇಳಿದರು.

ನಾಲ್ಕೂವರೆಗೆ ಮತ್ತೆ ಹೊರಟೆವು. ಕೊಲ್ಹಾರ ದಾಟಿದರೆ ಕೃಷ್ಣಾ ನದಿಯ ಸೇತುವೆ, ಸುಮಾರು ಮೂರು ಕಿಲೋಮೀಟರ್ ಉದ್ದ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಿರುತ್ತದೆ, ದಂಡೆಯ ಮಣ್ಣು ಬತ್ತಲಾಗಿರುತ್ತದೆ. ತಡೆಯಲು ಗಿಡವಿಲ್ಲ, ಮನೆಯಿಲ್ಲ. ಪಡುವಣ ಗಾಳಿ ನಮ್ಮ ಬಲಮಗ್ಗುಲಿಗೆ ಬಡಿಯುತ್ತಿತ್ತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಎದುರು ಗಾಳಿಯಾದರೆ ಒಬ್ಬರ ಹಿಂದೆ ಒಬ್ಬರು ಹೋಗಿ ತಪ್ಪಿಸಿಕೊಳ್ಳಬಹುದು. ಅಡ್ಡಗಾಳಿಗೆ ಮರೆ ಸಿಗುವುದು ಪಕ್ಕದಲ್ಲಿ. ಸೇತುವೆ ಮೇಲೆ ಅಷ್ಟು ಜಾಗ ಎಲ್ಲಿದೆ? ಲಾರಿ ಬಂದಾಗ ಗಾಳಿ ತಟ್ಟನೆ ನಿಲ್ಲುತ್ತದೆ, ಲಾರಿ ದಾಟಿದ ಕೂಡಲೇ ಮತ್ತೆ ಬಡಿಯುತ್ತದೆ. ಸೈಕಲ್ ಓಲಾಡುವುದು ಆ ಗಳಿಗೆಯಲ್ಲೇ. ಸರ್ ಎಲ್ಲರನ್ನೂ ಇಳಿಸಿದರು. ಸೈಕಲ್ ತಳ್ಳಿಕೊಂಡೇ ಸೇತುವೆ ದಾಟಿದೆವು. ಈ ಸಲ ಹುಡುಗರೂ ಎದುರಾಡಲಿಲ್ಲ.

ಬೀಳಗಿ ಕ್ರಾಸ್ ಸಮೀಪಿಸುವಾಗ ಪಶ್ಚಿಮದಲ್ಲಿ ಮೋಡ ಕಪ್ಪಾಯಿತು. ಮೊದಲು ಧೂಳು, ಕಣ್ಣು ಬಿಡಲಾಗದಂಥ ಧೂಳು. ಹಿಂದೆಯೇ ಗುಡುಗು, ದಪ್ಪ ಹನಿ, ಆಲಿಕಲ್ಲು. ಹುಡುಗರು ಮರದ ಕಡೆ ಓಡಿದರು, ಸರ್ ಕೂಗಿ ತಡೆದರು. ಸಿಡಿಲಿಗೆ ಮರವೇ ಮೊದಲ ಗುರಿ. ಇಂಥ ಗಾಳಿಗೆ ಬೇವಿನ ಟೊಂಗೆ ಮುರಿದು ಬೀಳುವುದೂ ಉಂಟು. ಸೈಕಲ್ ಅಲ್ಲೇ ಬಿಟ್ಟು ಹತ್ತಿರದ ಶಾಲೆಯ ವರಾಂಡ ಸೇರಿದೆವು. ಮಧ್ಯಾಹ್ನ ಸುಡುತ್ತಿದ್ದ ಮೈ ಈಗ ನಡುಗುತ್ತಿತ್ತು. ಮಳೆ ನಿಂತಾಗ ಕತ್ತಲಾಗಿತ್ತು. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಕಲೆತು ಜಾರುತ್ತದೆ, ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯುವುದಿಲ್ಲ. ಅರ್ಧ ಸೈಕಲ್ಲುಗಳಿಗೆ ದೀಪವೂ ಇರಲಿಲ್ಲ. ಸೈಕಲ್ಲುಗಳನ್ನು ಟೆಂಪೋಗೆ ಏರಿಸಿದೆವು. ಅನಗವಾಡಿ ಸೇತುವೆ, ಗದ್ದನಕೇರಿ ಕ್ರಾಸ್ ಎಲ್ಲವನ್ನೂ ಗಾಡಿಯಲ್ಲೇ ಕೂತು ದಾಟಿದೆವು.

ಬಾಗಲಕೋಟೆಯ ನವನಗರದಲ್ಲಿ ನಮಗಾಗಿ ಕಾದಿದ್ದವರು ಬಿಸಿ ಊಟ ಬಡಿಸಿದರು. ಸರ್ ಅಲ್ಲೇ ಕೂತು ಲೆಕ್ಕ ಬರೆದರು. ಯಾರು ಎಲ್ಲಿಯವರೆಗೆ ಹೊಡೆದರು, ಎಲ್ಲಿಂದ ಗಾಡಿ ಹತ್ತಿದರು, ಒಂದು ಕಿಲೋಮೀಟರೂ ಜಾಸ್ತಿ ಸೇರಿಸಬಾರದು ಎಂದರು. ಆ ರಾತ್ರಿಯೇ ದಾನಿಗಳಿಗೆಲ್ಲ ಕಳಿಸಿದೆವು. ಕೆಲವರು ಹೊಡೆದಷ್ಟಕ್ಕೇ ಕೊಟ್ಟರು, ಒಪ್ಪಂದದಂತೆ ಅದು ಸರಿಯೇ. ಹೆಚ್ಚಿನವರು ಪೂರ್ತಿ ಕೊಟ್ಟರು. ಒಬ್ಬ ಅಡತಿ ಅಂಗಡಿಯವರು ಫೋನ್ ಮಾಡಿ, "ಹುಡುಗ ಹೆಂಗದಾನ?" ಎಂದು ಮೊದಲು ಕೇಳಿ, ಆಮೇಲೆ ರೊಕ್ಕದ ಮಾತಾಡಿದರು.

ಶಾಲೆ ಶುರುವಾಗುವ ಮುಂಚೆ ಸೈಕಲ್ ಬಂದವು. ಗೇರಿಲ್ಲದ ಸಾದಾ ಲೇಡೀಸ್ ಸೈಕಲ್, ಹಿಂದೆ ಕ್ಯಾರಿಯರ್, ಮುಂದೆ ಬುಟ್ಟಿ. ಕೊಲ್ಹಾರದ ಅಜ್ಜಿಯ ಮೊಮ್ಮಗಳಿಗೂ ಒಂದು ಹೋಯಿತು. ಕೊಟ್ಟ ಮೇಲೆ ಗೊತ್ತಾದ ವಿಷಯ, ವಸ್ತಿಯಲ್ಲಿ ಹವಾ ಹಾಕುವ ಅಂಗಡಿ ಇಲ್ಲ. ಒಮ್ಮೆ ಟ್ಯೂಬ್ ಇಳಿದರೆ ವಾರಗಟ್ಟಲೆ ಸೈಕಲ್ ಗೋಡೆಗೆ ಒರಗಿರುತ್ತದೆ. ಅದಕ್ಕೆ ಮುಂದಿನ ಜಾಥಾದ ಪಟ್ಟಿಯಲ್ಲಿ ವಸ್ತಿಗೊಂದು ಪಂಪು, ಪಂಕ್ಚರ್ ಸಾಮಾನು ಸೇರಿಸಿದ್ದೇವೆ. ಹುಡುಗಿಯರಿಗೆ ಪಂಕ್ಚರ್ ಹಾಕುವುದನ್ನು ಸರ್ ಕಲಿಸುತ್ತಾರೆ. ದಾರಿಯನ್ನು ಕೊಲ್ಹಾರದವರೆಗೆ ಮಾತ್ರ ಇಟ್ಟಿದ್ದೇವೆ. ಹೊರಡುವುದು ಬೆಳಗಿನ ನಾಲ್ಕೂವರೆಗೆ, ಎಲ್ಲ ಸೈಕಲ್ಲಿಗೂ ದೀಪ ಇರಲೇಬೇಕು. ಅತಿಥಿಗಳ ಭಾಷಣ ಕೊಲ್ಹಾರ ಮುಟ್ಟಿದ ಮೇಲೆ, ಗುಡಿಯ ನೆರಳಲ್ಲಿ.